ಅಮೆರಿಕದ ಅಧ್ಯಕ್ಷ ಚುನಾವಣೆ: ಓಟಿಲ್ಲದವರು ಪ್ರಚಾರಕ್ಕೆ ಹೋಗಬಹುದಾ? ಗುಂಪಿನ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರಿಂದ: ಈ ಶನಿವಾರ ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುವವರು ದಾವಣಗೆರೆಯವರು, ಈಗ ಪೆನ್ಸಿಲ್ವೇನಿಯಾದಲ್ಲಿದ್ದಾರೆ. ಮೂರು ಅಧ್ಯಕ್ಷ ಚುನಾವಣೆಗಳಲ್ಲಿ ಸಂಬಳದ ಫೀಲ್ಡ್ ಆರ್ಗನೈಸರ್ ಆಗಿ ಕೆಲಸ ಮಾಡಿದ್ದಾರೆ. ಸ್ವಯಂಸೇವಕರನ್ನು ಸೇರಿಸಿ, ಕಲಿಸಿ, ಬೀದಿಗೆ ಕಳಿಸುವುದೇ ಅವರ ಕೆಲಸವಾಗಿತ್ತು. ಯಾವ ಪಕ್ಷಕ್ಕೆ ಅಂತ ಇಲ್ಲಿ ಕೇಳಬೇಡಿ. ನಿಯಮ ಎರಡೂ ಕಡೆಯವರಿಗೆ ಒಂದೇ.

ಪ್ರಶ್ನೆ (ಎಡಿಸನ್, ನ್ಯೂಜೆರ್ಸಿ): ನಮಸ್ಕಾರ ಅಕ್ಕ. ಎಚ್-1ಬಿ ಅಂದರೆ ಕೆಲಸದ ವೀಸಾದಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ, ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಸಾಲಿನಲ್ಲಿ ಕಾಯ್ತಾ ಇದ್ದೇನೆ. 2028ರ ಚುನಾವಣೆಗೆ ಒಬ್ಬ ಅಭ್ಯರ್ಥಿ ಪರವಾಗಿ ಕೆಲಸ ಮಾಡುವ ಆಸೆ. ಓಟು ಇಲ್ಲದವನು ಹೋಗಬಹುದಾ? ವೀಸಾಗೆ ತೊಂದರೆ ಆಗುತ್ತಾ ಅಂತ ಹೆಂಡತಿಗೆ ಭಯ.

ಉತ್ತರ: ಹೋಗಬಹುದು. ಕೇಂದ್ರ ಚುನಾವಣಾ ಆಯೋಗದ ನಿಯಮದ ಪ್ರಕಾರ ವಿದೇಶಿ ಪ್ರಜೆಗಳು ಸಂಬಳವಿಲ್ಲದೆ ತಮ್ಮ ಸಮಯ ಕೊಡಬಹುದು. ಬಾಗಿಲು ತಟ್ಟಬಹುದು, ಫೋನ್ ಮಾಡಬಹುದು, ಸಭೆಯಲ್ಲಿ ಕುರ್ಚಿ ಹಾಕಬಹುದು.

ದುಡ್ಡು ಮಾತ್ರ ಕೊಡುವಂತಿಲ್ಲ. ಒಂದು ಡಾಲರೂ ಇಲ್ಲ. ನಮ್ಮ ಹುಡುಗರು ಎಡವುವುದು ಇಲ್ಲೇ. ಅಭ್ಯರ್ಥಿಯ ವೆಬ್‌ಸೈಟಿನಲ್ಲಿ ಒಂದು ಟೀ ಶರ್ಟ್ ಕೊಂಡರೂ ಕಾನೂನಿನ ಲೆಕ್ಕದಲ್ಲಿ ಅದು ದೇಣಿಗೆ. ಟೋಪಿ, ಕಾಫಿ ಮಗ್, ದೇಣಿಗೆ ಊಟದ ಟಿಕೆಟ್, ಎಲ್ಲವೂ ಹಾಗೇ. "ಸುಮ್ನೆ ಇಪ್ಪತ್ತೈದು ಡಾಲರ್ ಅಲ್ವಾ" ಅಂತ ಕಾರ್ಡ್ ಉಜ್ಜಬೇಡಿ. ಗ್ರೀನ್ ಕಾರ್ಡ್ ಬಂದ ಮೇಲೆ ಕೊಡಬಹುದು. ಆಗಲೂ ಓಟು ಇರುವುದಿಲ್ಲ, ಅದು ಪೌರತ್ವದ ನಂತರವೇ.

ಎಲ್ಲಿ ಖರ್ಚು ಮಾಡಬೇಕು, ಯಾರಿಗೆ ಎಷ್ಟು ಕೊಡಬೇಕು ಅನ್ನುವ ತೀರ್ಮಾನಗಳಲ್ಲೂ ನೀವು ಕೂರುವಂತಿಲ್ಲ. ಪ್ರಚಾರ ಕಚೇರಿಯವರು "ಚೆನ್ನಾಗಿ ಮಾಡ್ತೀರಿ, ಗಂಟೆಗೆ ಇಷ್ಟು ಕೊಡ್ತೀವಿ" ಅಂದರೆ ಬೇಡ ಅನ್ನಿ. ನಿಮ್ಮ ಎಚ್-1ಬಿ ಇರುವುದು ನಿಮ್ಮ ಕಂಪನಿಯ ಕೆಲಸಕ್ಕೆ ಮಾತ್ರ. ಆಫೀಸಿನ ಲ್ಯಾಪ್‌ಟಾಪ್, ಆಫೀಸಿನ ಇಮೇಲ್ ಕೂಡ ಇದಕ್ಕೆ ಮುಟ್ಟಬೇಡಿ.

ಅದೇ ಸದಸ್ಯರು: ಟೀ ಶರ್ಟ್ ವಿಷಯ ಗೊತ್ತೇ ಇರಲಿಲ್ಲ ಅಕ್ಕ. ಇನ್ನೊಂದು. ಹೋದ ಸಲ ಒಂದು ಸಭೆಗೆ ಹೋಗಿದ್ದೆ. ಬಾಗಿಲ ಹತ್ತಿರ ಮೇಜು ಹಾಕಿಕೊಂಡು ನಿಂತಿದ್ದ ಹುಡುಗಿ ಕ್ಲಿಪ್‌ಬೋರ್ಡ್ ಕೈಗೆ ಕೊಟ್ಟು "ಇಲ್ಲಿ ಸಹಿ ಮಾಡಿ, ಒಂದೇ ನಿಮಿಷ" ಅಂದಳು. ಏನು ಅಂತ ಕೇಳಿದೆ, "ಎಲ್ಲರೂ ಮಾಡ್ತಿದ್ದಾರೆ" ಅಂದಳು. ಯಾಕೋ ಅನುಮಾನ ಬಂದು ವಾಪಸ್ ಕೊಟ್ಟೆ.

ಉತ್ತರ: ದೇವರು ಒಳ್ಳೆಯ ಬುದ್ಧಿ ಕೊಟ್ಟ. ಅದು ಮತದಾರರ ನೋಂದಣಿ ಫಾರಂ ಆಗಿದ್ದಿರಬಹುದು. ಆ ಹುಡುಗಿಯ ತಪ್ಪೂ ಅಲ್ಲ, ಎದುರಿಗೆ ನಿಂತವರೆಲ್ಲ ನಾಗರಿಕರೇ ಅಂದುಕೊಂಡಿರುತ್ತಾಳೆ. ಆದರೆ ಆ ಫಾರಂನಲ್ಲಿ "ನಾನು ಅಮೆರಿಕದ ಪ್ರಜೆ" ಅನ್ನುವ ಸಾಲು ಇರುತ್ತದೆ. ಪ್ರಜೆ ಅಲ್ಲದವರು ಅದಕ್ಕೆ ಸಹಿ ಹಾಕಿದರೆ ಗಡಿಪಾರಿನವರೆಗೂ ಹೋಗಬಹುದು. ಮುಂದೆ ಪೌರತ್ವಕ್ಕೆ ಎನ್-400 ಅನ್ನುವ ಅರ್ಜಿ ಹಾಕುವಾಗ, ಎಂದಾದರೂ ಓಟಿಗೆ ಹೆಸರು ನೋಂದಾಯಿಸಿದ್ದೀರಾ, ಓಟು ಹಾಕಿದ್ದೀರಾ ಅಂತ ನೇರವಾಗಿ ಕೇಳುತ್ತಾರೆ.

ಹಾಗಾಗಿ ಸಭೆಯಲ್ಲಿ ಯಾವ ಕಾಗದ ಕೊಟ್ಟರೂ ಮೇಲಿನ ಸಾಲು ಓದಿ. ಸ್ವಯಂಸೇವಕರ ಪಟ್ಟಿಗೆ ಹೆಸರು, ಫೋನ್ ನಂಬರ್ ಬರೆದುಕೊಟ್ಟರೆ ತೊಂದರೆ ಇಲ್ಲ. ಅಭ್ಯರ್ಥಿಯ ಹೆಸರನ್ನು ಮತಪತ್ರಕ್ಕೆ ಸೇರಿಸುವ ಅರ್ಜಿಗೆ ಸಹಿ ಬೇಡ, ಅದು ಮತದಾರರಿಗೆ. ಗುಂಪಿನಲ್ಲಿ ಯಾರಾದರೂ ಗೊತ್ತಿಲ್ಲದೆ ನೋಂದಣಿಗೆ ಸಹಿ ಹಾಕಿದ್ದರೆ ಮುಚ್ಚಿಡಬೇಡಿ, ಇವತ್ತೇ ವಲಸೆ ವಕೀಲರ ಹತ್ತಿರ ಹೋಗಿ. ಇದಕ್ಕೆ ನನ್ನ ಸಲಹೆ ಸಾಲದು.

ಪ್ರಶ್ನೆ (ಪಿಸ್ಕ್ಯಾಟವೇ, ನ್ಯೂಜೆರ್ಸಿ): ಮೇಡಂ, ನಾನು ಪ್ರಜೆಯೇ. ದೊಡ್ಡ ರ‍್ಯಾಲಿ ಒಂದನ್ನು ಹತ್ತಿರದಿಂದ ನೋಡಬೇಕು ಅಂತ ಆಸೆ. ಹೇಗೆ ಹೋಗೋದು, ಏನು ತಯಾರಿ?

ಉತ್ತರ: ಟಿಕೆಟ್ ಸಾಮಾನ್ಯವಾಗಿ ಉಚಿತ. ಅಭ್ಯರ್ಥಿಯ ವೆಬ್‌ಸೈಟಿನಲ್ಲಿ ಹೆಸರು ಕೊಟ್ಟರೆ ಆಯಿತು. ಆದರೆ ಹೆಸರು ಕೊಟ್ಟ ಮಾತ್ರಕ್ಕೆ ಒಳಗೆ ಜಾಗ ಖಾತ್ರಿ ಅಲ್ಲ, ಮೊದಲು ಬಂದವರಿಗೆ ಮೊದಲು. ಎರಡು ಮೂರು ಗಂಟೆ ಮುಂಚೆ ಹೋಗಿ. ಅಭ್ಯರ್ಥಿಗೆ ಸೀಕ್ರೆಟ್ ಸರ್ವಿಸ್ (ಕೇಂದ್ರದ ಭದ್ರತಾ ಪಡೆ) ಕಾವಲು ಇದ್ದರೆ ವಿಮಾನ ನಿಲ್ದಾಣದ ಥರ ತಪಾಸಣೆ ಇರುತ್ತದೆ. ಬೆನ್ನಿಗೆ ಹಾಕುವ ಬ್ಯಾಗ್, ಛತ್ರಿ, ಕೋಲಿಗೆ ಕಟ್ಟಿದ ಬೋರ್ಡ್ ಕಾರಿನಲ್ಲೇ ಬಿಟ್ಟು ಹೋಗಿ. ಊಟ ಮುಗಿಸಿಕೊಂಡೇ ಹೋಗಿ. ಒಳಗೆ ಹೋದ ಮೇಲೆ ಹೊರಗೆ ಬಂದರೆ ಮತ್ತೆ ಬಿಡೋದು ಕಷ್ಟ.

ನೀವು ಕೊಟ್ಟ ಫೋನ್ ನಂಬರ್ ಪ್ರಚಾರದ ಪಟ್ಟಿಗೆ ಸೇರುತ್ತದೆ. ಮರುದಿನದಿಂದ ದೇಣಿಗೆ ಕೇಳುವ ಮೆಸೇಜ್ ಶುರು. ಸ್ಟಾಪ್ ಅಂತ ಉತ್ತರ ಕೊಡಿ. ದೇಣಿಗೆ ಕೊಡುವುದಾದರೆ ಒಂದು ವಿಷಯ ತಿಳಿದಿರಲಿ: ಒಬ್ಬ ಅಭ್ಯರ್ಥಿಗೆ ಒಟ್ಟು 200 ಡಾಲರ್ ದಾಟಿದರೆ ನಿಮ್ಮ ಹೆಸರು, ಕೆಲಸ, ಕಂಪನಿ ಹೆಸರು ಆಯೋಗದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡುವ ಹಾಗೆ ಬರುತ್ತದೆ.

ನನ್ನ ಮಾತು ಕೇಳುವುದಾದರೆ ರ‍್ಯಾಲಿಗಿಂತ ಚಿಕ್ಕ ಸಭೆಗೆ ಹೋಗಿ. ಚುನಾವಣೆಯ ಹಿಂದಿನ ವರ್ಷವೇ ಅಭ್ಯರ್ಥಿಗಳು ನ್ಯೂ ಹ್ಯಾಂಪ್‌ಶೈರ್ ಸುತ್ತಲು ಶುರು ಮಾಡುತ್ತಾರೆ, ಯಾಕೆಂದರೆ ತಮ್ಮ ಪ್ರೈಮರಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೊದಲ ಸುತ್ತಿನ ಮತದಾನ) ಎಲ್ಲರಿಗಿಂತ ಮೊದಲು ಆಗಬೇಕು ಅಂತ ಆ ರಾಜ್ಯ ಕಾನೂನೇ ಮಾಡಿಕೊಂಡಿದೆ. ಶಾಲೆಯ ಜಿಮ್‌ನಲ್ಲೋ ಲೈಬ್ರರಿಯಲ್ಲೋ ನೂರು ಜನರ ಮಧ್ಯೆ ಕೂತು, ನಾಳೆ ಅಧ್ಯಕ್ಷರಾಗಬಹುದಾದವರಿಗೆ ನೀವೇ ಎದ್ದು ನಿಂತು ಪ್ರಶ್ನೆ ಕೇಳಬಹುದು. ಬಾಸ್ಟನ್ ಸುತ್ತಮುತ್ತ ಇರುವ ನಮ್ಮವರಿಗೆ ಮ್ಯಾಂಚೆಸ್ಟರ್ ಒಂದು ಗಂಟೆ ದಾರಿ. ಇಷ್ಟು ಹತ್ತಿರ ಇದ್ದೂ ಹೋಗದವರನ್ನು ಕಂಡರೆ ನನಗೆ ನಿಜವಾಗಿಯೂ ಬೇಸರ ಆಗುತ್ತದೆ.

ಪ್ರಶ್ನೆ (ಮತ್ತೆ ಎಡಿಸನ್): ನ್ಯೂಜೆರ್ಸಿಯಲ್ಲಿ ಫಲಿತಾಂಶ ಮೊದಲೇ ಗೊತ್ತಿರುತ್ತದೆ ಅಂತಾರೆ. ಹಾಗಾದರೆ ಇಲ್ಲಿ ಬಾಗಿಲು ತಟ್ಟಿ ಏನು ಉಪಯೋಗ? ಮತ್ತೆ ನನ್ನ ಇಂಗ್ಲಿಷ್ ಉಚ್ಚಾರಣೆ ಕೇಳಿ ಜನ ಬಾಗಿಲು ಹಾಕಿಬಿಡ್ತಾರೇನೋ ಅಂತ ಅಳುಕು.

ಉತ್ತರ: ಉಪಯೋಗ ಇರುವ ಕಡೆ ಬನ್ನಿ. ಎಡಿಸನ್‌ನಿಂದ ನಮ್ಮ ಬಕ್ಸ್ ಕೌಂಟಿಗೆ ಸುಮಾರು ಒಂದು ಗಂಟೆ. ಪೆನ್ಸಿಲ್ವೇನಿಯಾದಲ್ಲಿ 2016ರ ಅಧ್ಯಕ್ಷ ಚುನಾವಣೆಯಲ್ಲಿ ಗೆದ್ದವರಿಗೂ ಸೋತವರಿಗೂ ಇದ್ದ ಅಂತರ ಸುಮಾರು 44,000 ಓಟು. ರಾಜ್ಯದಲ್ಲಿ ಮತಗಟ್ಟೆಗಳು 9,000ಕ್ಕೂ ಜಾಸ್ತಿ. ಭಾಗಿಸಿ ನೋಡಿ, ಒಂದು ಮತಗಟ್ಟೆಗೆ ಐದು ಓಟೂ ಬರುವುದಿಲ್ಲ. ಒಂದು ಬೀದಿಯ ಎರಡು ಮನೆ! 2020ರಲ್ಲಿ ಅಂತರ ಸುಮಾರು 80,000 ಆಗಿ, ಫಲಿತಾಂಶ ಇನ್ನೊಂದು ಕಡೆಗೆ ತಿರುಗಿತು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ಹೀಗಿರುತ್ತದೆ. ಕಚೇರಿ ಅಂದರೆ ಮುಚ್ಚಿಹೋದ ಯಾವುದೋ ಅಂಗಡಿಯ ಜಾಗ. ಮಡಚುವ ಮೇಜು, ಡೋನಟ್ ಡಬ್ಬಿ, ಗೋಡೆ ತುಂಬ ನಕ್ಷೆ. ಹದಿನೈದು ನಿಮಿಷ ಹೇಳಿಕೊಡುತ್ತೇವೆ. ಆಮೇಲೆ ಫೋನಿನ ಆ್ಯಪ್‌ಗೆ ನಿಮ್ಮ ಟರ್ಫ್ ಬರುತ್ತದೆ. ಟರ್ಫ್ ಅಂದರೆ ನಿಮಗೆ ಕೊಟ್ಟ ಬೀದಿಗಳು, ನಲವತ್ತು ಐವತ್ತು ಬಾಗಿಲು. ಊರಿನ ಹಾಗೆ ಜೀಪಿಗೆ ಮೈಕ್ ಕಟ್ಟಿ ಇಡೀ ಬೀದಿಗೆ ಕೂಗುವುದಿಲ್ಲ. ಯಾವ ಮನೆಯಲ್ಲಿ ಯಾರು, ವಯಸ್ಸೆಷ್ಟು, ಹಿಂದಿನ ಚುನಾವಣೆಯಲ್ಲಿ ಓಟು ಹಾಕಿದ್ದರಾ ಅನ್ನುವುದು ಪಟ್ಟಿಯಲ್ಲಿ ಇರುತ್ತದೆ. ಯಾರಿಗೆ ಹಾಕಿದರು ಅನ್ನುವುದು ಇರುವುದಿಲ್ಲ. ಅದು ಗುಟ್ಟು. ನೀವು ಮಾತಾಡಿಸಿ ಒಂದರಿಂದ ಐದರವರೆಗೆ ಗುರುತು ಹಾಕಬೇಕು: ಒಂದು ಅಂದರೆ ಗಟ್ಟಿಯಾಗಿ ನಮ್ಮ ಕಡೆ, ಐದು ಅಂದರೆ ಎದುರು ಕಡೆ, ಮೂರು ಅಂದರೆ ಇನ್ನೂ ಯೋಚಿಸುತ್ತಿರುವವರು. ನಮಗೆ ಬೇಕಾದವರು ಆ ಮೂರರವರು.

ಗಂಟೆ ಒತ್ತಿ ಎರಡು ಹೆಜ್ಜೆ ಹಿಂದೆ ಬನ್ನಿ. ಬಾಗಿಲಿಗೆ ಅಂಟಿಕೊಂಡು ನಿಂತರೆ ಒಳಗಿನವರಿಗೆ ಭಯ ಆಗುತ್ತದೆ. ಹುಲ್ಲಿನ ಮೇಲೆ ಅಡ್ಡ ಹಾಯಬೇಡಿ. ಒಳಗೆ ಕರೆದರೂ ಹೋಗಬೇಡಿ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಕರಪತ್ರವನ್ನು ಬಾಗಿಲ ಹಿಡಿಗೆ ಸಿಕ್ಕಿಸಿ. ಅಂಚೆ ಪೆಟ್ಟಿಗೆಗೆ ಮಾತ್ರ ಹಾಕಲೇಬೇಡಿ. ಅಂಚೆಚೀಟಿ ಇಲ್ಲದ್ದನ್ನು ಅದರಲ್ಲಿ ಹಾಕುವುದು ಇಲ್ಲಿ ಕೇಂದ್ರ ಕಾನೂನಿನ ಪ್ರಕಾರ ತಪ್ಪು. ಯಾರಾದರೂ "ಪರ್ಮಿಟ್ ಎಲ್ಲಿ?" ಅಂದರೆ ಹೆದರಬೇಡಿ. ಓಹಾಯೋದ ಸ್ಟ್ರಾಟನ್ ಅನ್ನುವ ಹಳ್ಳಿಯಲ್ಲಿ ಅಂಥ ನಿಯಮ ಇತ್ತು. 2002ರಲ್ಲಿ ಸುಪ್ರೀಂ ಕೋರ್ಟ್ ಅದು ವಾಕ್ ಸ್ವಾತಂತ್ರ್ಯಕ್ಕೆ ಅಡ್ಡಿ ಅಂತ ತೆಗೆದುಹಾಕಿತು. ಆದರೂ ಬೇಡ ಅಂದವರ ಮುಂದೆ ಕಾನೂನು ಮಾತಾಡಬೇಡಿ, ಥ್ಯಾಂಕ್ಯೂ ಅಂದು ಮುಂದಿನ ಮನೆಗೆ ಹೋಗಿ.

ಉಚ್ಚಾರಣೆ ಬಗ್ಗೆ. ನನ್ನ ಮೊದಲ ದಿನ ನಾನೂ ಗೇಟಿನ ಹತ್ತಿರ ನಿಂತು ನನ್ನ ಹೆಸರನ್ನೇ ನಾಲ್ಕು ಸಲ ಹೇಳಿಕೊಂಡಿದ್ದೆ. ಮುಖದ ಮೇಲೆ ಬಾಗಿಲು ಹಾಕಿದವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಜಾಸ್ತಿ ಜನ ಬಾಗಿಲನ್ನೇ ತೆರೆಯುವುದಿಲ್ಲ. ನನ್ನ ಅನುಭವದಲ್ಲಿ ನಾಲ್ಕಕ್ಕೆ ಒಂದು ತೆರೆದರೆ ಒಳ್ಳೆಯ ದಿನ. ತೆರೆದವರು ಮಾತಾಡುತ್ತಾರೆ. ನೀವು ಮಾತಾಡುವುದಕ್ಕಿಂತ ಕೇಳಿಸಿಕೊಳ್ಳುವುದೇ ಜಾಸ್ತಿ. "ನಿಮಗೆ ಯಾವುದು ಚಿಂತೆ?" ಅಂತ ಕೇಳಿ ಸುಮ್ಮನೆ ನಿಂತುಬಿಡಿ. ಮಗಳ ಔಷಧಿ ಬಿಲ್ಲಿನ ಬಗ್ಗೆ ಹತ್ತು ನಿಮಿಷ ಹೇಳಿಕೊಂಡು ಕಣ್ಣು ಒರೆಸಿಕೊಂಡವರನ್ನು ನೋಡಿದ್ದೇನೆ. ಅವರು ನನ್ನ ಉಚ್ಚಾರಣೆ ಗಮನಿಸಲೇ ಇಲ್ಲ.

ಪ್ರಶ್ನೆ: ನನ್ನ ಮಗಳಿಗೆ ಹದಿನಾರು. ಅವಳೂ ಬರಬಹುದಾ ಮೇಡಂ?

ಉತ್ತರ: ಖಂಡಿತ ಬರಲಿ. ಜೊತೆಗೆ ದೊಡ್ಡವರೊಬ್ಬರು ಇರಲಿ. ಹೈಸ್ಕೂಲ್ ಮಕ್ಕಳು ನಮ್ಮ ಕಚೇರಿಯ ಜೀವ.

ಪ್ರಶ್ನೆ (ಕನ್ನಡ ಕೂಟದ ಪದಾಧಿಕಾರಿ): ನಮ್ಮ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ಒಬ್ಬ ಅಭ್ಯರ್ಥಿಗೆ ಬೆಂಬಲ ಘೋಷಿಸೋಣ ಅಂತ ಕೆಲವರು ಹೇಳ್ತಿದ್ದಾರೆ. ಸಾವಿರ ಜನ ಸೇರ್ತಾರೆ. ಮಾಡಬಹುದಾ?

ಉತ್ತರ: ಬೇಡ ಸರ್. ನಮ್ಮ ಎಷ್ಟೋ ಕೂಟಗಳು 501(ಸಿ)(3) ಅಡಿಯಲ್ಲಿ ತೆರಿಗೆ ವಿನಾಯಿತಿ ಪಡೆದ ಸಂಸ್ಥೆಗಳು. ಅಂಥ ಸಂಸ್ಥೆ ಅಭ್ಯರ್ಥಿಯ ಪರವಾಗಿ ಆಗಲಿ ವಿರುದ್ಧವಾಗಿ ಆಗಲಿ ನಿಲ್ಲುವಂತಿಲ್ಲ. ವೇದಿಕೆ, ಕೂಟದ ಇಮೇಲ್ ಪಟ್ಟಿ, ವಾಟ್ಸ್ಆ್ಯಪ್ ಗುಂಪು, ಯಾವುದನ್ನೂ ಬಳಸಬೇಡಿ. ಪಕ್ಷಭೇದ ಇಲ್ಲದೆ ಮತದಾರರ ನೋಂದಣಿಗೆ ಮೇಜು ಹಾಕಬಹುದು. ಅಲ್ಲಿ ಕೂರುವವರಿಗೆ ಮೇಲಿನ ಎಚ್-1ಬಿ ಕಥೆ ಹೇಳಿ, ಪ್ರಜೆನಾ ಅಂತ ಕೇಳಿಯೇ ಫಾರಂ ಕೊಡಲಿ.

ಬೆಂಬಲ ಕೊಡುವ ಆಸೆ ಇದ್ದವರು ತಮ್ಮ ಮನೆಗೆ ಜನರನ್ನು ಕರೆಯಲಿ. ಪ್ರಜೆಗಳು, ಗ್ರೀನ್ ಕಾರ್ಡ್ ಇರುವವರು ಮನೆಯಲ್ಲಿ ಸಭೆ ಇಟ್ಟು ಊಟ, ತಿಂಡಿ, ಆಮಂತ್ರಣಕ್ಕೆ ಒಂದು ಚುನಾವಣೆಗೆ ಒಬ್ಬ ಅಭ್ಯರ್ಥಿ ಲೆಕ್ಕದಲ್ಲಿ 1,000 ಡಾಲರ್‌ವರೆಗೆ ಖರ್ಚು ಮಾಡಿದರೆ ಅದು ದೇಣಿಗೆ ಅಂತ ಲೆಕ್ಕಕ್ಕೆ ಬರುವುದಿಲ್ಲ. ಅಷ್ಟು ದುಡ್ಡಿಗೆ ಎಷ್ಟು ಬಿಸಿಬೇಳೆಬಾತ್ ಆಗುತ್ತದೆ ನೋಡಿ!

ಪ್ರಶ್ನೆ (ಎಕ್ಸ್‌ಟನ್, ಪೆನ್ಸಿಲ್ವೇನಿಯಾ): ಅಕ್ಕ, ನಮ್ಮ ಅತ್ತೆಗೆ ಎರಡು ವರ್ಷದ ಹಿಂದೆ ಪೌರತ್ವ ಬಂತು. ಕನ್ನಡ ಮಾತ್ರ ಓದ್ತಾರೆ. "ನನಗ್ಯಾಕೆ ಓಟು, ನನ್ನದನ್ನೂ ಮಗನೇ ಹಾಕಲಿ" ಅಂತಾರೆ. ಏನು ಹೇಳಲಿ?

ಉತ್ತರ: ಈ ಪ್ರಶ್ನೆಗೋಸ್ಕರವೇ ಕಾಯುತ್ತಿದ್ದೆ.

ಒಂದು ಅಕ್ಟೋಬರ್‌ನಲ್ಲಿ ಅಪಾರ್ಟ್‌ಮೆಂಟ್ ಒಂದರ ಮೂರನೇ ಮಹಡಿಯಲ್ಲಿ ಗಂಟೆ ಒತ್ತಿದೆ. ಬಾಗಿಲ ಮುಂದೆ ಪುಟ್ಟ ರಂಗೋಲಿ ಸ್ಟಿಕರ್. ತೆರೆದ ಅಮ್ಮ ನನ್ನ ಮುಖ ನೋಡಿ "ಕನ್ನಡದವಳೇನಮ್ಮ?" ಅಂದರು. ಪಟ್ಟಿಯಲ್ಲಿ ಅವರ ಹೆಸರೇ ಇತ್ತು, ಒಮ್ಮೆಯೂ ಓಟು ಹಾಕಿರಲಿಲ್ಲ. ಅಂಚೆಯಲ್ಲಿ ಬಂದ ಮತಪತ್ರ ದೇವರ ಮನೆಯ ಗೂಡಿನಲ್ಲಿ ಪಂಚಾಂಗದ ಕೆಳಗೆ ಭದ್ರವಾಗಿತ್ತು. ಯಾರೂ ಅದನ್ನು ಬಿಡಿಸಿ ಹೇಳಿರಲಿಲ್ಲ.

ಅವರು ಅದನ್ನು ಹೊಸಿಲ ಹತ್ತಿರ ತಂದರು. ಲಕೋಟೆಗಳು ಎರಡು. ಮತಪತ್ರ ಮೊದಲು ಒಳಗಿನ ಗುಪ್ತ ಲಕೋಟೆಗೆ ಹೋಗಬೇಕು, ಅದು ಹೊರಗಿನದಕ್ಕೆ. ಹೊರಗಿನದರ ಮೇಲೆ ಸಹಿ ಮತ್ತು ತಾರೀಖು. ಪೆನ್ಸಿಲ್ವೇನಿಯಾದಲ್ಲಿ ಒಳಗಿನ ಲಕೋಟೆ ಬಿಟ್ಟರೆ ಆ ಓಟನ್ನು ಎಣಿಸುವುದಿಲ್ಲ. ನಾನು ಖಾಲಿ ಲಕೋಟೆ ತೋರಿಸಿ ಹೇಗೆ ಅಂತ ಹೇಳಿದೆ ಅಷ್ಟೇ. ಮತಪತ್ರ ಮುಟ್ಟಲಿಲ್ಲ, ನಾನೇ ತಲುಪಿಸುತ್ತೇನೆ ಅಂತಲೂ ಅನ್ನಲಿಲ್ಲ, ಹಾಗೆ ಮಾಡುವಂತಿಲ್ಲ. ಅವರು ಯಾರಿಗೆ ಹಾಕಿದರೋ ನನಗೆ ಗೊತ್ತಿಲ್ಲ. ನಮ್ಮ ಅಭ್ಯರ್ಥಿಗೆ ಅಲ್ಲದಿದ್ದರೂ ಆ ಅರ್ಧ ಗಂಟೆ ನನಗೆ ಬೇಕಾದದ್ದೇ.

ನಿಮ್ಮ ಅತ್ತೆಗೆ ಹೇಳಿ: ಓಟು ಮಗನದಲ್ಲ, ಅವರದು. ಮತಗಟ್ಟೆಗೇ ಹೋಗುವುದಾದರೆ ಮತದಾನ ಹಕ್ಕು ಕಾಯಿದೆಯ 208ನೇ ವಿಧಿ ಇದೆ. ಓದಲು ಬರೆಯಲು ಕಷ್ಟ ಇರುವವರು ತಮಗೆ ಬೇಕಾದವರನ್ನು ಜೊತೆಗೆ ಕರೆದುಕೊಂಡು ಒಳಗೆ ಹೋಗಬಹುದು. ಅಲ್ಲಿ ಒಂದು ಚಿಕ್ಕ ಫಾರಂ ತುಂಬಲು ಹೇಳಬಹುದು.

ಅದೇ ಸದಸ್ಯರು: ಪಕ್ಕದಲ್ಲೇ ಕೂತಿದ್ದಾರೆ ಅಕ್ಕ, ಓದಿ ಹೇಳಿದೆ. "ಒಳಗೆ ಸೊಸೆ ಬಂದರೆ ನಾನು ಯಾರಿಗೆ ಹಾಕಿದೆ ಅಂತ ಅವಳಿಗೆ ಗೊತ್ತಾಗುತ್ತಲ್ಲ" ಅಂತ ಕೇಳ್ತಿದ್ದಾರೆ.

ಉತ್ತರ: ಹಾಗಿದ್ದರೆ ಸೊಸೆಯೇ ಆಗಬೇಕು ಅಂತಿಲ್ಲ ಅಮ್ಮ. ನಿಮ್ಮ ಜೊತೆ ವಾಕಿಂಗ್ ಬರುವ ಗೆಳತಿಯನ್ನು ಕರೆದುಕೊಂಡು ಹೋಗಿ. ಕೆಲಸ ಕೊಟ್ಟವರು, ಯೂನಿಯನ್ನಿನ ಪ್ರತಿನಿಧಿ, ಆ ಮತಗಟ್ಟೆಯ ಮುಖ್ಯ ಅಧಿಕಾರಿ, ಇಷ್ಟು ಜನ ಬಿಟ್ಟು ಯಾರಾದರೂ ಆಗಬಹುದು. ನೀವು ಹೇಳಿದ ಹೆಸರಿಗೇ ಗುರುತು ಹಾಕಬೇಕು, ಹೊರಗೆ ಬಂದು ಯಾರಿಗೂ ಬಾಯಿ ಬಿಡಬಾರದು ಅಂತ ಮೊದಲೇ ಹೇಳಿಡಿ.