ಫುಡ್ ಲೈಸೆನ್ಸಿಗೆ ನನ್ನನ್ನೇ ನಾಮಿನಿ ಮಾಡ್ತಾರಂತೆ, ಸೈನ್ ಹಾಕ್ಲಾ ಬೇಡ್ವಾ? ಅನುಭವ ಇರೋರು ಹೇಳಿ

ತುಮಕೂರು_ಕ್ಯೂಎ
ಫಾರಿನ್ ಕಂಪನಿ, ಹೆಸರು ಬೇಡ, ಬಿಸ್ಕೆಟ್ಟು ಹೆಲ್ತ್ ಡ್ರಿಂಕು ಎಲ್ಲಾ ಮಾಡ್ತೀವಿ. ನಾನು ಪ್ಲಾಂಟಲ್ಲಿ ಕ್ವಾಲಿಟಿ ಮ್ಯಾನೇಜರ್, 11 ವರ್ಷ ಆಯ್ತು. ನಾಮಿನಿ, ಅಂದ್ರೆ ಫುಡ್ ಕೇಸಲ್ಲಿ ಕಂಪನಿ ಪರವಾಗಿ ಹೊಣೆ ಹೊರೋರು, ಆಗಿದ್ದ ಪ್ಲಾಂಟ್ ಹೆಡ್ಡು ರಿಸೈನ್ ಮಾಡಿ ಹೋದ್ರು, ಈಗ ಫುಡ್ ಸೇಫ್ಟಿ ಕಾಯ್ದೆ ಸೆಕ್ಷನ್ 66ರ ಫಾರ್ಮಿಗೆ ನೀನೇ ಸೈನ್ ಹಾಕು ಅಂತ ಎಚ್‌ಆರ್ ಹಿಂದೆ ಬಿದ್ದಿದಾರೆ, ಸೋಮವಾರ ಲಾಸ್ಟು. ತಿಂಗಳಿಗೆ 4,000 ಅಲೋವೆನ್ಸ್ ಅಂತೆ. ತೊಂದರೆ ಏನಂದ್ರೆ ಲೇಬಲ್ ಅಪ್ರೂವ್ ಮಾಡೋದು ಸಿಂಗಾಪುರದ ಟೀಮು, ನನ್ ಕಣ್ಣಿಗೆ ಬೀಳೋದು ರೋಲ್ ಪ್ರಿಂಟಾಗಿ ಸ್ಟೋರಿಗೆ ಬಂದ್ಮೇಲೆ. ಮನೇಲಿ ಬೇಡವೇ ಬೇಡ ಅಂತಿದಾಳೆ.

ಎಡಿಸಿ_ಆಫೀಸ್_ಬೆಂಚು
ನಾನು 2021ರಲ್ಲಿ ಹಾಕ್ದೆ, 2023ರಲ್ಲಿ ಅನುಭವಿಸ್ದೆ. ಬಳ್ಳಾರಿ ಕಡೆ ಒಂದು ಕಿರಾಣಿ ಅಂಗಡೀಲಿ ಫುಡ್ ಸೇಫ್ಟಿ ಆಫೀಸರು ನಮ್ಮ ಪೌಡರ್ ಸ್ಯಾಂಪಲ್ ಎತ್ತಿದ್ರು. ನಾಲ್ಕು ಭಾಗ ಮಾಡಿ ಸೀಲ್ ಹಾಕ್ತಾರಲ್ಲ, ನಾಲ್ಕನೇದನ್ನ ಎನ್‌ಎಬಿಎಲ್ ಮಾನ್ಯತೆ ಇರೋ ಬೇರೆ ಲ್ಯಾಬಿಗೆ ಕಳ್ಸಿ ಅಂತ ಅಲ್ಲೇ ಕೇಳ್ಬೇಕು, ಅಂಗಡಿಯವನಿಗೇನು ಗೊತ್ತು, ತೋರಿಸಿದ ಕಡೆ ಸೈನ್ ಹಾಕ್ದ. ಪ್ಯಾಕ್ ಮೇಲೆ ಪ್ರೋಟೀನ್ 11 ಗ್ರಾಂ, ರಿಪೋರ್ಟಲ್ಲಿ 9.8. 10 ಪರ್ಸೆಂಟ್ ಕಮ್ಮಿ ಇದ್ರೆ ಬಿಡ್ತಾರೆ, ಅಂದ್ರೆ 9.9 ಬಂದಿದ್ರೆ ನಾನಿವತ್ತು ಇಲ್ಲಿ ಬರೀತಾನೇ ಇರ್ಲಿಲ್ಲ. ಪಾಯಿಂಟ್ ಒಂದು ಗ್ರಾಂ ಸ್ವಾಮಿ! ಅಪೀಲಿಗೆ 30 ದಿನ ಟೈಮು, ಹಾಕಿದ್ರೆ ಇನ್ನೊಂದು ಭಾಗ ಮೈಸೂರು ಸಿಎಫ್‌ಟಿಆರ್‌ಐ ಲ್ಯಾಬಿಗಾದ್ರೂ ಹೋಗ್ತಿತ್ತು. ಆದ್ರೆ ರಿಪೋರ್ಟ್ ಬಂದಿದ್ದು ಹುಬ್ಬಳ್ಳಿ ಡಿಪೋಗೆ, ಅಲ್ಲಿನ ಹುಡುಗ ಅದನ್ನ ಲಾರಿ ಬಿಲ್ ಫೈಲಲ್ಲಿ ಸೇರಿಸಿಟ್ಟ, ನನ್ ಕೈಗೆ ಸಿಕ್ಕಿದ್ದು 34ನೇ ದಿನ.

ಆಮೇಲೆ ಇಂಥ ಕೇಸು ಕೇಳೋ ಎಡಿಸಿ, ಅಂದ್ರೆ ಅಪರ ಜಿಲ್ಲಾಧಿಕಾರಿ ಮುಂದೆ 9 ಹಿಯರಿಂಗು, ಅದ್ರಲ್ಲಿ ಮೂರು ಸಲ ಸಾಹೇಬ್ರು ಮೀಟಿಂಗಲ್ಲಿದಾರೆ ನಾಡಿದ್ದು ಬನ್ನಿ. ಪ್ರತಿ ಸಲ ರಾತ್ರಿ ಸ್ಲೀಪರ್ ಬಸ್ಸು, ಬೆಳಿಗ್ಗೆ ಲಾಡ್ಜಲ್ಲಿ ಮುಖ ತೊಳ್ಕೊಳಕ್ಕೆ 400, ವಕೀಲ್ರಿಗೆ ಸಲಕ್ಕೆ 12,000. ಕೊನೆಗೆ ಕಂಪನಿಗೆ 75,000 ದಂಡ, ನಾಮಿನಿ ಅಂತ ನನಗೆ ಬೇರೆ 25,000. ನನ್ ಕೈಯಿಂದ ಕಟ್ಟಿ ಕ್ಲೇಮ್ ಹಾಕಿದ್ರೆ ಫೈನಾನ್ಸ್‌ನವ್ರು ದಂಡಕ್ಕೆ ಸಿಸ್ಟಮಲ್ಲಿ ಕ್ಯಾಟಗರಿ ಇಲ್ಲ ಅಂತ ರಿಜೆಕ್ಟ್ ಮಾಡಿದ್ರು. 7 ತಿಂಗಳಾದ್ಮೇಲೆ 'ಟ್ರಾವೆಲ್ ಅದರ್ಸ್' ಅಂತ ಪಾಸಾಯ್ತು.

ಸೈನ್_ಹಾಕ್ಲಿಲ್ಲ
ಇದಕ್ಕೇ ನಾನು ಹಾಕ್ಲಿಲ್ಲ, ಮುಖದ ಮೇಲೆ ಹೇಳ್ದೆ. ಅಪ್ರೈಸಲಲ್ಲಿ 'ಓನರ್‌ಶಿಪ್ ಸಾಲದು' ಅಂತ ಬರೆದ್ರು, ಜೊತೆಯವರಿಗೆಲ್ಲಾ 9 ಪರ್ಸೆಂಟು ನನಗೆ 3. ಎರಡು ವರ್ಷದ್ದು ಲೆಕ್ಕ ಹಾಕಿಟ್ಟಿದೀನಿ, 2,16,000 ಹೋಗಿದೆ. ಹೋಗ್ಲಿ, ಬೆಂಚ್ ಅಣ್ಣನ ಥರ ಬಳ್ಳಾರಿ ಲಾಡ್ಜಲ್ಲಿ ಹಲ್ಲುಜ್ಜೋ ಯೋಗ ಬರ್ಲಿಲ್ಲ.

ಕರಿಕೋಟು
ಹಾಕ್ಲಿಲ್ಲ ಅಂದ್ರೆ ಬಚಾವ್ ಅಂದ್ಕೊಂಡಿದೀರಾ? 66ರ ಎರಡನೇ ಉಪಸೆಕ್ಷನ್ ಓದಿ. ನಾಮಿನಿ ಯಾರೇ ಇರ್ಲಿ, ಮ್ಯಾನೇಜರ್‌ನ ನಿರ್ಲಕ್ಷ್ಯ ಇತ್ತು ಅಂತ ಪ್ರೂವ್ ಆದ್ರೆ ಅವನೂ ಆರೋಪೀನೇ. ನೀವು ಕಳ್ಕೊಂಡಿದ್ದು ಬರೀ ಇನ್‌ಕ್ರಿಮೆಂಟು.

ಸೈನ್_ಹಾಕ್ಲಿಲ್ಲ
ಹೆದರಿಸ್ದಷ್ಟೂ ಫೀಸು, ಅಲ್ವಾ ವಕೀಲ್ರೇ?

ಕರಿಕೋಟು
ನಾನು ಇನ್‌ಹೌಸಲ್ಲಿದ್ದೋನು, ಕಂಪನಿ ಸಂಬಳದ ವಕೀಲ ಸ್ವಾಮಿ, ಫೀಸೆಲ್ಲಿ ಬಂತು. 14 ವರ್ಷ ಒಂದು ಲಂಡನ್ ಕಂಪನೀಲಿ ಕೆಲಸ, ಕೆಲಸ ಹೋಗಿದ್ದು ಲೇಬಲ್ಲಿಗಲ್ಲ, 18,000 ರೂಪಾಯಿಗೆ. ಗೋಡೌನ್ ಲೈಸೆನ್ಸ್ ಮಾಡಿಸೋ ಏಜೆಂಟ್ ಬಿಲ್ಲಲ್ಲಿ ಕಡೇ ಸಾಲು 'ಇತರೆ ಓಡಾಟ 18,000', ಮಾರ್ಚ್ 30ನೇ ತಾರೀಕು ಸಂಜೆ 40 ಬಿಲ್ ಮಧ್ಯೆ ಅದಕ್ಕೂ ಓಕೆ ಒತ್ತಿದೀನಿ. 14 ತಿಂಗಳಾದ್ಮೇಲೆ ಆಡಿಟ್ ಬಂತು, ನನ್ನ ಲ್ಯಾಪ್‌ಟಾಪು ಫೋನು ಎರಡೂ ತಗೊಂಡು ಹೋದ್ರು, ಹೆಂಡ್ತಿಗೆ ಕಳಿಸಿದ ತರಕಾರಿ ಲಿಸ್ಟ್ ಮೆಸೇಜೂ ಪ್ರಿಂಟ್ ತೆಗೆದು ಎದುರಿಗಿಟ್ಟು 'ಎರಡು ಕಟ್ಟು ಸೊಪ್ಪು' ಅಂದ್ರೇನು ಅಂತ ಕೇಳಿದಾರೆ. ತನಿಖೆ ಮಾಡಿದ ಲಾ ಫರ್ಮಿನ ಬಿಲ್ಲು 61 ಲಕ್ಷ! ಬ್ರಿಟನ್ನಿನ 2010ರ ಲಂಚದ ಕಾಯ್ದೇಲಿ ಫೈಲ್ ಬೇಗ ಮಾಡ್ಸಕ್ಕೆ ಕೊಟ್ಟೆ ಅನ್ನೋದಕ್ಕೂ ಮಾಫಿ ಇಲ್ಲ.

ಡಿಪೋ_ಗೌಡ
ಎಲ್ಲಾ ಪುಸ್ತಕದ ಮಾತು. ಕೊಡ್ದೆ ಯಾವ ಫೈಲ್ ಅಲ್ಲಾಡತ್ತೆ ಹೇಳಿ. ನಾನು ಆರು ಡಿಪೋ ಓಪನ್ ಮಾಡಿದೀನಿ, ಏಜೆಂಟಿಗೆ ಒಟ್ಟು ಕಾಂಟ್ರ್ಯಾಕ್ಟ್ ಕೊಡೋದು, ಅವನು ಯಾರಿಗೆ ಕೊಟ್ಟ ಅಂತ ನಾವು ಕೇಳಕ್ಕೆ ಹೋಗಲ್ಲ.

ಕರಿಕೋಟು
ಕೇಳಕ್ಕೆ ಹೋಗಲ್ಲ ಅನ್ನೋದೇ ಕೇಸು ಮಾರಾಯ. ಕ್ಯಾಡ್‌ಬರಿ ಇಂಡಿಯಾದ ಬದ್ದಿ ಫ್ಯಾಕ್ಟರಿ ಲೈಸೆನ್ಸ್ ವಿಷಯಕ್ಕೆ ಅದರ ಓನರ್ ಮಾಂಡಲೀಜ್ 2017ರಲ್ಲಿ ಅಮೆರಿಕಾದ ಷೇರು ಮಾರ್ಕೆಟ್ ನೋಡ್ಕೊಳ್ಳೋ ಎಸ್‌ಇಸಿಗೆ 1.3 ಕೋಟಿ ಡಾಲರ್ ಕಟ್ತು. ಅಲ್ಲೂ ಪ್ರಶ್ನೆ ಇದ್ದಿದ್ದು ಏಜೆಂಟಿಗೆ ಕೊಟ್ಟ ದುಡ್ಡಿನ ಮೇಲೇನೇ.

ಡಿಪೋ_ಗೌಡ
ನನ್ನ ಆರು ಡಿಪೋನೂ ನಡೀತಿದಾವೆ. ನಿಮ್ ಕೆಲಸ ಹೋಯ್ತು. ಅಷ್ಟೇ.

ಸೋಪಿನ_ಕಾಕಾ
ನಿಮ್ಮ ಜಗಳ ಬಿಡ್ರಿ, ನಮ್ಮ ಕಥಿ ಕೇಳ್ರಿ. ಕಲಬುರಗಿ, ಮೇ ತಿಂಗಳ. ತೂಕ ಅಳತೆ ಇಲಾಖೆಯವ್ರು ಬಂದು ರ್‍ಯಾಕಿನಾಗ ನಾಲ್ಕು ತಿಂಗಳಿಂದ ಕೂತಿದ್ದ ನಮ್ಮ 125 ಗ್ರಾಂ ಸಾಬೂನ ತೂಗ್ಯಾರ, 117 ಬಂತು. ಸಾಬೂನ ಒಣಗತದ, ನೀರು ಹಾರತದ, ಅದಕ್ಕಂತೇ 'ವೆನ್ ಪ್ಯಾಕ್ಡ್' (ಪ್ಯಾಕ್ ಮಾಡಿದಾಗಿನ ತೂಕ) ಅಂತ ತೂಕದ ಬಾಜೂಕ ಹಾಕ್ಲಿಕ್ಕೆ ರೂಲಿನಾಗ ಅವಕಾಶ ಅದ. ಮಾರ್ಕೆಟಿಂಗಿನವ್ರು ಹೊಸಾ ಮಲ್ಲಿಗಿ ವಾಸನಿ ತಂದ್ರು, ಹೂವಿನ ಚಿತ್ರಕ್ಕ ಜಾಗ ಸಾಲವಲ್ದು ಅಂತ ಆ ಎರಡು ಶಬ್ದ ತೆಗದ್ ಒಗದಾರ. 125ಕ್ಕ ನಾಲ್ಕೂವರಿ ಪರ್ಸೆಂಟ್, ಅಂದ್ರ 5.6 ಗ್ರಾಂ ತನಕ ಮಾಫಿ. ನಮ್ದು 8 ಕಡಿಮಿ.

ಯಾರನ್ನೂ ನಾಮಿನಿ ಮಾಡಿದ್ದಿಲ್ಲ, ನೋಟಿಸ್ ಎಲ್ಲಾ ಡೈರೆಕ್ಟರಿಗೂ ಬಂತು. ಕಂಪನಿ ಒಂದು, ಡೈರೆಕ್ಟರ್ ಐದು, ತಲಾ 25,000ದಂಗ ಕಾಂಪೌಂಡ್ ಮಾಡಿ, ಅಂದ್ರ ಕೋರ್ಟಿಗೆ ಹೋಗದಂಗ ರೊಕ್ಕ ಕಟ್ಟಿ ಮುಗಿಸಿ, ದೀಡ ಲಕ್ಷ. ಅದೇನ್ ದೊಡ್ಡದಲ್ರಿ. ಐದರಾಗ ಇಬ್ರು ಫಾರಿನ್ನವ್ರು, ಸಾಬೂನ ಒಣಗತದ ಅನ್ನೋದನ್ನ ಅವ್ರಿಗೆ ತಿಳಿಸಿ ಹೇಳ್ಲಿಕ್ಕೆ ರಾತ್ರಿ 11ಕ್ಕ ಕಾಲ್, ಒಂಬತ್ತು ರಾತ್ರಿ. ರ್‍ಯಾಪರ್ 3.2 ಟನ್ ಸ್ಕ್ರ್ಯಾಪು, 7 ಕಲರಿನ ಪ್ರಿಂಟಿಂಗ್ ಸಿಲಿಂಡರ್ ಹೊಸಾದು ಒಂದಕ್ಕ 11,000. ಮಲ್ಲಿಗಿ ಸಾಬೂನ ಮುಂದ ಆರು ತಿಂಗಳಿಗೆ ಬಂದ್ ಆತು, ಯಾರೂ ತಗೊಳ್ಳಿಲ್ಲ.

ಕನ್ನಡ_ಮೊದಲು
ಕಾಕಾ, ಕಲಬುರಗೀಲಿ ಮಾರೋ ಸೋಪಿನ ಮೇಲೆ ಇಂಗ್ಲಿಷಲ್ಲಿ 'ವೆನ್ ಪ್ಯಾಕ್ಡ್' ಅಂತ ಹಾಕಿದ್ರೆ ಕೊಳ್ಳೋರಿಗೆ ಏನು ತಿಳೀತದೆ? 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಜಾರಿ ಆಗಿದೆ, ಇಲ್ಲೇ ತಯಾರಿಸಿ ಇಲ್ಲೇ ಮಾರೋ ವಸ್ತು ಮೇಲೆ ಹೆಸರು, ಬಳಸೋ ವಿಧಾನ ಕನ್ನಡದಲ್ಲೂ ಇರ್ಬೇಕು. ಇಷ್ಟೊಂದು ಕಂಪ್ಲಯನ್ಸ್ ಪಂಡಿತ್ರು ಸೇರಿದೀರಾ, ಒಬ್ರಾದ್ರೂ ಇದನ್ನ ಎತ್ತಿದ್ರಾ?

ಸೈನ್_ಹಾಕ್ಲಿಲ್ಲ
ಸ್ಯಾಶೆ ಹಿಂದೆ ಇರೋ ಜಾಗ ನನ್ನ ಹೆಬ್ಬೆಟ್ಟಿನಷ್ಟು. ಇಂಗ್ರೀಡಿಯೆಂಟು, ಅಲರ್ಜನ್ನು, ಪ್ಲಾಸ್ಟಿಕ್ ಕಸದ ಇಪಿಆರ್ ನಂಬರು, ಎಲ್ಲಾ ಅಲ್ಲೇ. ಇನ್ನೊಂದು ಭಾಷೆ ಎಲ್ಲಿ ತುರುಕೋದು?

ಕನ್ನಡ_ಮೊದಲು
ಹಿಂದೀಲಿ ದೊಡ್ಡದಾಗಿ 'ಮುಫ್ತ್' ಅಂತ ಬರೆಯಕ್ಕೆ ಜಾಗ ಸಿಗತ್ತಲ್ಲ, ಅಲ್ಲಿ ತುರುಕಿ.

ಎಡಿಸಿ_ಆಫೀಸ್_ಬೆಂಚು
ಇದು ಮಾತ್ರ ಸರಿಯಾಗಿ ಹೇಳಿದ್ರಿ.

ತುಮಕೂರು_ಕ್ಯೂಎ
ಎಲ್ರಿಗೂ ಥ್ಯಾಂಕ್ಸ್, ಆದ್ರೆ ಸೋಮವಾರ ಏನ್ ಮಾಡ್ಲಿ ಅಂತ ಯಾರೂ ಹೇಳ್ಲಿಲ್ಲ.

ಕರಿಕೋಟು
ಲೇಬಲ್ ಆರ್ಟ್‌ವರ್ಕ್ ಪ್ರಿಂಟಿಗೆ ಹೋಗೋ ಮುಂಚೆ ನಿಮ್ಮ ಸೈನ್ ಇರ್ಬೇಕು, ಲೈನ್ ನಿಲ್ಲಿಸೋ ಅಧಿಕಾರ ನಿಮಗಿರ್ಬೇಕು, ದಂಡ ವಕೀಲ್ರ ಫೀಸು ಕಂಪನಿ ಕೊಡ್ಬೇಕು, ಇಷ್ಟನ್ನೂ ಲೆಟರ್‌ಹೆಡ್ಡಲ್ಲಿ ಬರೆಸ್ಕೊಳ್ಳಿ. ಡೈರೆಕ್ಟರ್ ಇನ್ಶೂರೆನ್ಸ್ ಇದೆ ಅಂತ ಎಚ್‌ಆರ್ ಹೇಳಿದ್ರೆ ನಂಬ್ಬೇಡಿ, ದಂಡ ಸಾಮಾನ್ಯವಾಗಿ ಅದ್ರಲ್ಲಿ ಬರಲ್ಲ.

ತುಮಕೂರು_ಕ್ಯೂಎ
ನೀವು ಹೇಳ್ದಂಗೇ ಮೇಲ್ ಹಾಕ್ದೆ. ಸಿಂಗಾಪುರದಿಂದ ರಿಪ್ಲೈ ಬಂತು, 'ನೋಟೆಡ್ ವಿತ್ ಥ್ಯಾಂಕ್ಸ್' ಅಂತ. ಇದನ್ನ ಒಪ್ಪಿದಾರೆ ಅಂತ ತಗೊಳ್ಳಾ?

ಡಿಪೋ_ಗೌಡ
ಕನ್ನಡ_ಮೊದಲು ಅವ್ರೇ, ನಿಮ್ಮ ಮನೆ ಪೇಸ್ಟ್ ಯಾವುದು, ಅದ್ರ ಮೇಲೆ ಕನ್ನಡ ಇದೆಯಾ ನೋಡಿ ಫೋಟೋ ಹಾಕಿ ಮೊದ್ಲು.