ನೆಟ್‌ವರ್ಕ್ ಪ್ಲೇಯರಿನಿಂದ ಆಡಿಯೋ ಸಿ.ಡಿ.ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ ತೊಂದರೆ

ಪ್ರಶ್ನೆ (ತೀರ್ಥಹಳ್ಳಿಯಿಂದ)

ತಂದೆಯವರು ವರ್ಷಗಟ್ಟಲೆ ಕೂಡಿಟ್ಟ ಆಡಿಯೋ ಸಿ.ಡಿ.ಗಳು ನಮ್ಮ ಮನೆಯಲ್ಲಿವೆ. ಬಡಗುತಿಟ್ಟಿನ ಯಕ್ಷಗಾನ ಪ್ರಸಂಗಗಳು, ಹೊಸಹಳ್ಳಿ ಕಡೆಯ ಗಮಕ ವಾಚನ, ಸುಗಮ ಸಂಗೀತ, ಕೆಲವು ಶಾಸ್ತ್ರೀಯ ಕಚೇರಿಗಳು ಅದರಲ್ಲಿ ಸೇರಿವೆ. ಹಲವು ಅಂಗಡಿಯಲ್ಲಿ ಕೊಂಡವು. ಉಳಿದವು ಕಾರ್ಯಕ್ರಮ ಮುಗಿದ ಮೇಲೆ ಸಂಘಟಕರು ಬರೆದುಕೊಟ್ಟ ಸಿ.ಡಿ.-ಆರ್‌ಗಳಾದ್ದರಿಂದ ಅವುಗಳ ಇನ್ನೊಂದು ಪ್ರತಿ ಸಿಕ್ಕೀತೆಂಬ ಭರವಸೆ ಇಲ್ಲ. ಮಳೆಗಾಲದ ಥಂಡಿಗೆ ಕೆಲವಕ್ಕೆ ಬೂಷ್ಟು ಹಿಡಿಯತೊಡಗಿದೆ. ಆದ್ದರಿಂದ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಇಳಿಸಿಡಬೇಕೆಂದು ಹೊರಟಿದ್ದೇನೆ.

ಮನೆಯಲ್ಲಿ ಸಿ.ಡಿ. ಹಾಕುವ ತಟ್ಟೆಯೂ ಒಳಗೆ ಹಾರ್ಡ್ ಡಿಸ್ಕೂ ಇರುವ ಹಳೆಯ ನೆಟ್‌ವರ್ಕ್ ಪ್ಲೇಯರ್ ಇದೆ; ಕೇಬಲ್ ಮೂಲಕ ರೂಟರಿಗೆ ಜೋಡಿಸಿದ್ದೇವೆ. ನನ್ನ ಲ್ಯಾಪ್‌ಟಾಪಿನಲ್ಲಿರುವುದು ವಿಂಡೋಸ್ 11, ಅದಕ್ಕೆ ಸಿ.ಡಿ. ಡ್ರೈವ್ ಇಲ್ಲ. ಪ್ಲೇಯರಿಗೆ ಡಿಸ್ಕ್ ಹಾಕಿದಾಗ ಹಾಡು ಕೇಳಿಸುತ್ತದೆ, ಆದರೆ ಲ್ಯಾಪ್‌ಟಾಪಿನ ನೆಟ್‌ವರ್ಕ್ ಪಟ್ಟಿಯಲ್ಲಿ ಪ್ಲೇಯರಿನ ಹೆಸರು ಕಾಣುತ್ತದೆಯೇ ಹೊರತು ಡಿಸ್ಕ್ ಕಾಣುವುದಿಲ್ಲ. ಪ್ಲೇಯರಿನ ಹಂಚಿಕೆಯ ಫೋಲ್ಡರನ್ನು ತೆರೆಯಹೋದರೆ ‘ಇದು ಸುರಕ್ಷಿತವಲ್ಲ, ಇದಕ್ಕೆ ಹಳೆಯ ಎಸ್.ಎಂ.ಬಿ. 1 (ನೆಟ್‌ವರ್ಕಿನಲ್ಲಿ ಕಡತ ಹಂಚುವ ವಿಧಾನದ ಮೊದಲ ಆವೃತ್ತಿ) ಬೇಕು’ ಎಂಬರ್ಥದ ಸಂದೇಶ ಬರುತ್ತದೆ. ಮೂಲೆಗೆ ಸೇರಿದ್ದ ಹಳೆಯ ಡೆಸ್ಕ್‌ಟಾಪಿನ ಸಿ.ಡಿ. ಡ್ರೈವನ್ನು ನೆಟ್‌ವರ್ಕಿನಲ್ಲಿ ಹಂಚಿ ನೋಡಿದಾಗ ಹಾಡುಗಳೇನೋ ಕಂಡವು, ಕಣ್ಣು ಮಿಟುಕಿಸುವುದರೊಳಗೆ ನಕಲೂ ಆದವು. ಆದರೆ ಒಂದೊಂದರ ಗಾತ್ರವೂ ಒಂದೇ ಕೆ.ಬಿ., ಡಿಸ್ಕ್ ಹೊರತೆಗೆದ ಮೇಲೆ ಯಾವುದೂ ನುಡಿಯುವುದಿಲ್ಲ.

ಇದೆಲ್ಲಕ್ಕಿಂತ ನನಗೆ ಬಗೆಹರಿಯದ ಸಂಗತಿ ಇನ್ನೊಂದಿದೆ. ಪ್ಲೇಯರಿನದೇ ‘ರಿಪ್’ (ಸಿ.ಡಿ.ಯ ದನಿಯನ್ನು ಕಡತವಾಗಿ ಇಳಿಸುವ) ಗುಂಡಿ ಒತ್ತಿದರೆ ಕೆಲವು ಡಿಸ್ಕ್‌ಗಳು ಮುಕ್ಕಾಲು ಪಾಲು ಇಳಿದು ಕೊನೆಯ ಹಾಡುಗಳ ಹತ್ತಿರ ನಿಂತುಬಿಡುತ್ತವೆ. ಅದೇ ಡಿಸ್ಕನ್ನು ಅದೇ ಪ್ಲೇಯರಿನಲ್ಲಿ ಕೇಳಲು ಕೂತರೆ ಕೊನೆಯವರೆಗೂ ಸರಾಗವಾಗಿ ನುಡಿಯುತ್ತದೆ. ತಪ್ಪು ಡಿಸ್ಕಿನದೋ, ಪ್ಲೇಯರಿನದೋ, ನೆಟ್‌ವರ್ಕಿನದೋ?

ಉತ್ತರ (ಸಾಗರದಿಂದ)

ಒಂದು ಕೆ.ಬಿ.ಯ ಕಡತದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಿಮ್ಮ ಗೊಂದಲಗಳಲ್ಲಿ ಅರ್ಧ ಅದರಿಂದಲೇ ಬಿಡಿಸಿಕೊಳ್ಳುತ್ತವೆ. ಆಡಿಯೋ ಸಿ.ಡಿ.ಯಲ್ಲಿ ಕಡತಗಳೆಂಬುದೇ ಇಲ್ಲ. ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು 1980ರಲ್ಲಿ ಗೊತ್ತುಪಡಿಸಿದ ಆ ವಿಧಾನದಲ್ಲಿ ಇರುವುದು ಡಿಸ್ಕಿನ ಒಳಗಿನಿಂದ ಹೊರಕ್ಕೆ ಸುತ್ತಿಕೊಂಡು ಹೋಗುವ ದನಿಯ ಒಂದೇ ಸಾಲು, ಮತ್ತು ಒಳ ಅಂಚಿನಲ್ಲಿ ಯಾವ ಹಾಡು ಎಲ್ಲಿ ಆರಂಭವಾಗುತ್ತದೆ ಎಂಬ ಪಟ್ಟಿ. ವಿಂಡೋಸ್ ಆ ಪಟ್ಟಿಯನ್ನು ಓದಿ, ಹಾಡಿಗೊಂದರಂತೆ 44 ಬೈಟಿನ ಸಿ.ಡಿ.ಎ. ಕಡತಗಳನ್ನು ತಾನೇ ಸೃಷ್ಟಿಸಿ ತೋರಿಸುತ್ತದೆ. ಅದರಲ್ಲಿರುವುದು ಹಾಡಿನ ಆರಂಭದ ಜಾಗ ಮತ್ತು ಉದ್ದ ಮಾತ್ರ; ನೀವು ನಕಲು ಮಾಡಿಕೊಂಡದ್ದೂ ಅಷ್ಟನ್ನೇ. ನಿಜವಾದ ದನಿ ಸೆಕೆಂಡಿಗೆ 75 ಸೆಕ್ಟರ್ (ಡಿಸ್ಕ್ ಓದುವ ಸಣ್ಣ ಖಂಡ), ಸೆಕ್ಟರಿಗೆ 2,352 ಬೈಟಿನಂತೆ, ಅಂದರೆ ನಿಮಿಷಕ್ಕೆ ಸುಮಾರು 10 ಎಂ.ಬಿ. ತೂಗುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಒಂದು ಪ್ರಸಂಗ ಇಳಿಯಿತೆಂದರೆ ಏನೂ ಇಳಿದಿಲ್ಲವೆಂದೇ ಅರ್ಥ.

ಆ ದನಿಯನ್ನು ಎತ್ತಬೇಕಾದರೆ ರಿಪ್ ಮಾಡುವ ತಂತ್ರಾಂಶವು ಡ್ರೈವಿಗೆ ‘ಇಂಥ ಸೆಕ್ಟರನ್ನು ಹಾಗೆಯೇ ಓದಿ ಕೊಡು’ ಎಂಬ ವಿಶೇಷ ಆದೇಶವನ್ನು ನೇರವಾಗಿ ಕೊಡಬೇಕು. ನೆಟ್‌ವರ್ಕ್ ಹಂಚಿಕೆಯ ವ್ಯವಸ್ಥೆ ಹೊತ್ತು ತರುವುದು ಕಡತ ತೆರೆಯುವ, ಓದುವ, ಬರೆಯುವ ಆದೇಶಗಳನ್ನು ಮಾತ್ರ. ಹೀಗಾಗಿ ಹಂಚಿದ ಸಿ.ಡಿ. ಡ್ರೈವಿನಿಂದ ದೂರದ ಲ್ಯಾಪ್‌ಟಾಪಿಗೆ ರಿಪ್ ಮಾಡುವುದು ಆಗದ ಮಾತು. ರೂಟರ್ ಬದಲಿಸಿದರೂ ಕೇಬಲ್ ಬದಲಿಸಿದರೂ ಆಗುವುದಿಲ್ಲ. ನಿಮ್ಮ ಪ್ಲೇಯರಿನ ತಟ್ಟೆಯಲ್ಲಿರುವ ಡಿಸ್ಕ್ ಲ್ಯಾಪ್‌ಟಾಪಿನಲ್ಲಿ ಕಾಣದಿರುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ. ಪಟ್ಟಿಯಲ್ಲಿ ಕಾಣುವ ಪ್ಲೇಯರಿನ ಹೆಸರು ಡಿ.ಎಲ್.ಎನ್.ಎ. (ಮನೆಯ ನೆಟ್‌ವರ್ಕಿನಲ್ಲಿ ಹಾಡು, ಚಿತ್ರಗಳನ್ನು ಹಂಚುವ ವಿಧಾನ) ಸಾಧನವಾಗಿ ಬಂದದ್ದಿರಬೇಕು, ಅದು ತನ್ನ ಹಾರ್ಡ್ ಡಿಸ್ಕಿನಲ್ಲಿ ಈಗಾಗಲೇ ಇರುವ ಹಾಡುಗಳನ್ನಷ್ಟೇ ಹಂಚುತ್ತದೆ.

ಇರುವ ದಾರಿ ಎರಡೇ. ಪ್ಲೇಯರೇ ತನ್ನ ಹಾರ್ಡ್ ಡಿಸ್ಕಿಗೆ ರಿಪ್ ಮಾಡಲಿ, ಆ ಕಡತಗಳನ್ನು ನೀವು ತಂದುಕೊಳ್ಳಿ. ಇಲ್ಲವೇ ಕಂಪ್ಯೂಟರಿಗೆ ನೇರವಾಗಿ ಜೋಡಿಸಿದ ಡ್ರೈವಿನಲ್ಲಿ ರಿಪ್ ಮಾಡಿ. ಎರಡನೆಯದಕ್ಕೆ ಬೇಕಾದದ್ದು ನಿಮ್ಮ ಮನೆಯ ಮೂಲೆಯಲ್ಲೇ ಇದೆ. ಆ ಹಳೆಯ ಡೆಸ್ಕ್‌ಟಾಪಿನ ಮುಂದೆಯೇ ಕುಳಿತು ರಿಪ್ ಮಾಡಿ, ಡ್ರೈವನ್ನು ಹಂಚುವ ಬದಲು ಸಿದ್ಧವಾದ ಫೋಲ್ಡರನ್ನು ಹಂಚಿ.

ಶುರು ಮಾಡುವ ಮೊದಲು ಡಿಸ್ಕ್‌ಗಳನ್ನು ವಿಂಗಡಿಸಿಕೊಳ್ಳಿ. ಯಕ್ಷಗಾನದ ಡಿಸ್ಕ್‌ಗಳಲ್ಲಿ ಎಂ.ಪಿ.3 ಸಿ.ಡಿ.ಗಳೂ ವಿ.ಸಿ.ಡಿ.ಗಳೂ ಬೆರೆತಿರುವುದು ಸಾಮಾನ್ಯ. ಅವುಗಳಲ್ಲಿ ಇರುವುದು ನಿಜವಾದ ಕಡತಗಳೇ ಆದ್ದರಿಂದ ರಿಪ್ ಮಾಡುವ ಗೋಜಿಲ್ಲ, ನಕಲು ಮಾಡಿಕೊಂಡರೆ ಮುಗಿಯಿತು.

ಉತ್ತರ (ಶಿವಮೊಗ್ಗದಿಂದ)

ಸಾಗರದವರು ಹೇಳಿದ ಮೊದಲನೆಯ ದಾರಿಗೆ ಅಡ್ಡ ಬಂದಿರುವುದು ಎಸ್.ಎಂ.ಬಿ. ಸಂದೇಶ. ಹಳೆಯ ಪ್ಲೇಯರುಗಳಿಗೆ ಹಂಚಿಕೆಯ ಮೊದಲ ಆವೃತ್ತಿ ಮಾತ್ರ ಗೊತ್ತು. ಅದರ ದೋಷವನ್ನು ಬಳಸಿಕೊಂಡೇ 2017ರ ಮೇ ತಿಂಗಳಿನಲ್ಲಿ ವಾನಾಕ್ರೈ ಎಂಬ ಹಾವಳಿ ಜಗತ್ತಿನಾದ್ಯಂತ ಹರಡಿದ್ದು, ಮತ್ತು ಅದೇ ವರ್ಷ ಬಂದ ವಿಂಡೋಸ್ 10ರ 1709ನೆಯ ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ತಾನಾಗಿ ಅಳವಡಿಸುವುದನ್ನು ಬಿಟ್ಟಿತು. ಹಾಗಾಗಿ ನಿಮ್ಮ ಲ್ಯಾಪ್‌ಟಾಪ್ ನಿರಾಕರಿಸುತ್ತಿರುವುದು ಸರಿಯಾಗಿಯೇ ಇದೆ.

ಪ್ಲೇಯರಿನಲ್ಲಿ ‘ಯು.ಎಸ್.ಬಿ.ಗೆ ರಫ್ತು’ ಅಥವಾ ‘ಬ್ಯಾಕಪ್’ ಎಂಬ ಆಯ್ಕೆ ಇದೆಯೇ ಎಂದು ಮೊದಲು ನೋಡಿ. ಇದ್ದರೆ ನೆಟ್‌ವರ್ಕಿನ ಗೊಡವೆಯೇ ಬೇಡ. ಪೆನ್‌ಡ್ರೈವನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ (ಫ್ಯಾಟ್32, ಎಕ್ಸ್‌ಫ್ಯಾಟ್ ಎಂಬುವು ಡ್ರೈವಿನಲ್ಲಿ ಕಡತಗಳನ್ನು ಜೋಡಿಸಿಡುವ ವಿಧಾನಗಳು). ಹಳೆಯ ಪ್ಲೇಯರುಗಳಲ್ಲಿ ಬಹಳಷ್ಟು ಎಕ್ಸ್‌ಫ್ಯಾಟನ್ನು ಗುರುತಿಸುವುದಿಲ್ಲ. ಫ್ಯಾಟ್32ರ ಒಂದು ಕಡತಕ್ಕೆ 4 ಜಿ.ಬಿ. ಎಂಬ ಮಿತಿಯ ಬಗ್ಗೆ ಇಲ್ಲಿ ಚಿಂತೆ ಬೇಡ, ಇಡೀ ಸಿ.ಡಿ.ಯೇ 800 ಎಂ.ಬಿ.ಯ ಆಸುಪಾಸಿನಲ್ಲಿ ಮುಗಿಯುತ್ತದೆ. ರಫ್ತಿನ ಆಯ್ಕೆ ಇಲ್ಲದಿದ್ದರೆ ಮಾತ್ರ ‘ವಿಂಡೋಸ್ ಫೀಚರ್ಸ್’ ಪಟ್ಟಿಯಲ್ಲಿ ಎಸ್.ಎಂ.ಬಿ. 1ರ ಕ್ಲೈಂಟ್ (ಬೇರೆ ಯಂತ್ರದ ಫೋಲ್ಡರ್ ತೆರೆಯುವ) ಭಾಗಕ್ಕಷ್ಟೇ ಗುರುತು ಹಾಕಿ, ಸರ್ವರ್ (ನಿಮ್ಮ ಫೋಲ್ಡರನ್ನು ಹಂಚುವ) ಭಾಗವನ್ನು ಮುಟ್ಟದೆ, ಕಡತಗಳನ್ನು ತಂದುಕೊಂಡ ದಿನವೇ ಗುರುತನ್ನು ತೆಗೆದುಹಾಕಿ. ಅದರ ನಂತರವೂ ಫೋಲ್ಡರ್ ತೆರೆಯದಿದ್ದರೆ ಪ್ಲೇಯರಿನ ಹಂಚಿಕೆಗೆ ಒಂದು ಬಳಕೆದಾರ ಹೆಸರು, ಗುಪ್ತಪದ ಕೊಟ್ಟು ನೋಡಿ, ಏಕೆಂದರೆ ಹೆಸರಿಲ್ಲದ ಅತಿಥಿ ಪ್ರವೇಶವನ್ನೂ ಹೊಸ ವಿಂಡೋಸ್ ಆವೃತ್ತಿಗಳಲ್ಲಿ ಹಲವು ಒಪ್ಪುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಈಗಾಗಲೇ ಪ್ಲೇಯರಿನೊಳಗೆ ಇಳಿದಿರುವುದನ್ನು ತರಲು ಮಾತ್ರ ಇಷ್ಟು ಪಾಡು ಪಡಿ. ಇನ್ನು ಮುಂದಿನ ಡಿಸ್ಕ್‌ಗಳಿಗೆ ಡೆಸ್ಕ್‌ಟಾಪೇ ಲೇಸು.

ಉತ್ತರ (ಕೊಪ್ಪದಿಂದ)

‘ಕೇಳಲು ಸರಿ, ಇಳಿಸಲು ತಕರಾರು’ ಎಂಬುದರ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ತಪ್ಪು ನೆಟ್‌ವರ್ಕಿನದಲ್ಲ, ಡಿಸ್ಕಿನದು. ಡಿಸ್ಕಿನ ಮೇಲಿನ ಸಣ್ಣಪುಟ್ಟ ಗೀರು, ಧೂಳುಗಳಿಂದ ಕಳೆದುಹೋದ ಅಂಶಗಳನ್ನು ಓದುವ ಯಂತ್ರವೇ ಲೆಕ್ಕ ಹಾಕಿ ಮರಳಿ ಪಡೆಯುವ ವ್ಯವಸ್ಥೆ ಸಿ.ಡಿ.ಯಲ್ಲೇ ಇದೆ. ಹಾನಿ ಅದರ ಶಕ್ತಿಯನ್ನು ಮೀರಿದಾಗ, ಕೇಳಿಸುವ ಯಂತ್ರ ಹಿಂದಿನ ಮತ್ತು ಮುಂದಿನ ಅಂಶಗಳ ನಡುವಿನ ಬೆಲೆಯೊಂದನ್ನು ಊಹಿಸಿ ತುಂಬಿಬಿಡುತ್ತದೆ, ನಮ್ಮ ಕಿವಿಗೆ ಅದು ಗೊತ್ತಾಗುವುದಿಲ್ಲ. ರಿಪ್ ಮಾಡುವಾಗ ಒಳ್ಳೆಯ ಯಂತ್ರ ಊಹೆಯನ್ನು ಒಪ್ಪದೆ ಅದೇ ಸೆಕ್ಟರನ್ನು ಮತ್ತೆ ಮತ್ತೆ ಓದಲು ನೋಡುತ್ತದೆ, ಕೊನೆಗೆ ಕೈಚೆಲ್ಲುತ್ತದೆ. ದತ್ತಾಂಶದ ಸಿ.ಡಿ.ಗಳಲ್ಲಿ ಪ್ರತಿ ಸೆಕ್ಟರಿನಲ್ಲೂ ದೋಷ ತಿದ್ದಲು ಇನ್ನೊಂದು ಪದರವಿರುತ್ತದೆ, ಆಡಿಯೋ ಸಿ.ಡಿ.ಯಲ್ಲಿ ಆ ಜಾಗವನ್ನೂ ದನಿಗೇ ಕೊಟ್ಟಿದ್ದಾರೆ.

ಕೊನೆಯ ಹಾಡುಗಳಲ್ಲೇ ಏಕೆ ಎಂದರೆ, ದನಿಯ ಸಾಲು ಒಳಗಿನಿಂದ ಹೊರಕ್ಕೆ ಹೋಗುವುದರಿಂದ ಕೊನೆಯ ಹಾಡುಗಳು ಹೊರ ಅಂಚಿನಲ್ಲಿರುತ್ತವೆ. ಬೆರಳು ಮುಟ್ಟುವುದು ಅಲ್ಲಿ, ಮೇಲಿನ ಪದರ ಬಿಡತೊಡಗುವುದೂ ಹೆಚ್ಚಾಗಿ ಅಲ್ಲಿಂದಲೇ. ನಮ್ಮ ಕಡೆ ಪ್ಲಾಸ್ಟಿಕ್ ತೋಳಿನ ಆಲ್ಬಮ್ಮುಗಳಲ್ಲಿ ಇಟ್ಟ ಡಿಸ್ಕ್‌ಗಳನ್ನು ಆಷಾಢದಲ್ಲಿ ತೆಗೆದು ನೋಡಿದರೆ ಅಂಚಿನ ಸುತ್ತ ಬೂದುಬಣ್ಣದ ಎಳೆಗಳು ಹರಡಿರುತ್ತವೆ. ಡಿಸ್ಕನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು ನೋಡಿ. ಎಳೆ ಕೆಳಮೈಯ ಮೇಲಿದ್ದರೆ ಒರೆಸಿದರೆ ಹೋಗುತ್ತದೆ. ಬೆಳಕು ಸೂಜಿಮೊನೆಯಷ್ಟು ತೂತುಗಳಾಗಿ ಹಾದುಬಂದರೆ ಅಲ್ಲಿ ಪ್ರತಿಫಲಿಸುವ ಲೋಹದ ಪದರವೇ ಹೋಗಿದೆ, ಅಲ್ಲಿದ್ದ ದನಿ ಮರಳುವುದಿಲ್ಲ. ಜನ ಹೊಳೆಯುವ ಕೆಳಮೈಯನ್ನು ಜೋಪಾನ ಮಾಡಿ ಹೆಸರು ಬರೆದ ಮೇಲ್ಮೈಯನ್ನು ಅಲಕ್ಷಿಸುತ್ತಾರೆ, ವಾಸ್ತವದಲ್ಲಿ 1.2 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಇರುವುದು ಕೆಳಗಡೆ, ಮೇಲ್ಗಡೆ ಲೋಹವನ್ನು ಕಾಯುವುದು ತೆಳ್ಳನೆಯ ಮೆರುಗೆಣ್ಣೆ ಮತ್ತು ಅಚ್ಚಿನ ಮಸಿ ಮಾತ್ರ. ಅಂಟುಚೀಟಿ ಹಚ್ಚಿದ ಸಿ.ಡಿ.-ಆರ್ ಇದ್ದರೆ ಚೀಟಿಯನ್ನು ಕೀಳಲು ಹೋಗಬೇಡಿ, ಲೋಹವೂ ಜೊತೆಗೆ ಎದ್ದು ಬರುತ್ತದೆ.

ಒರೆಸುವಾಗ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರು, ಹಳೆಯ ಮೆತ್ತನೆಯ ಹತ್ತಿ ಪಂಚೆಯ ತುಂಡು ಸಾಕು. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ದುಂಡಗೆ ತಿರುಗಿಸಬೇಡಿ. ಅಡ್ಡಗೀರು ಸಾಲನ್ನು ಅಲ್ಲಲ್ಲಿ ಕತ್ತರಿಸಿದರೆ ಯಂತ್ರ ಸರಿಮಾಡಿಕೊಳ್ಳುತ್ತದೆ; ಸಾಲಿನ ಗುಂಟವೇ ಬಿದ್ದ ಗೀರು ಒಂದೇ ಕಡೆ ಬಹಳಷ್ಟನ್ನು ನುಂಗುತ್ತದೆ. ಅಸಿಟೋನ್, ಥಿನ್ನರ್ ಮುಟ್ಟಿಸಲೇಬೇಡಿ. ಒಣಗಲು ನೆರಳೇ ಸಾಕು, ಸಿ.ಡಿ.-ಆರ್‌ನ ಬಣ್ಣದ ಪದರಕ್ಕೆ ಬಿಸಿಲು ಆಗದು.

ಪ್ರಶ್ನೆ ಕೇಳಿದವರು (ತೀರ್ಥಹಳ್ಳಿಯಿಂದ)

ಎಲ್ಲರಿಗೂ ಧನ್ಯವಾದಗಳು. ಪ್ಲೇಯರಿನಲ್ಲಿ ಯು.ಎಸ್.ಬಿ. ರಫ್ತು ಇತ್ತು, ಒಳಗಿದ್ದ ಕಡತಗಳೆಲ್ಲ ಬಂದಿವೆ, ಎಸ್.ಎಂ.ಬಿ. 1ರ ತಂಟೆಗೆ ಹೋಗಲಿಲ್ಲ. ಡೆಸ್ಕ್‌ಟಾಪಿನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ರಿಪ್ ತಂತ್ರಾಂಶ ಹಾಕಿಕೊಂಡು ರಿಪ್ ಮಾಡತೊಡಗಿದ್ದೇನೆ. ಒರೆಸಿದ ಮೇಲೆ, ನಿಂತುಹೋಗುತ್ತಿದ್ದ ಡಿಸ್ಕ್‌ಗಳಲ್ಲಿ ಬಹುಪಾಲು ಪೂರ್ತಿ ಇಳಿದವು. ಇನ್ನೂ ಮೂರು ಸಂದೇಹಗಳಿವೆ. ಪ್ರತಿ ಡಿಸ್ಕಿಗೂ ‘ಆಕ್ಯುರೇಟ್‌ರಿಪ್ ಸಂಗ್ರಹದಲ್ಲಿ ಇಲ್ಲ’ ಎಂದು ಬರುತ್ತದೆ, ಹಾಗಾದರೆ ಸರಿಯಾಗಿ ಇಳಿಯಿತೆಂದು ತಿಳಿಯುವುದು ಹೇಗೆ? ಪ್ಲೇಯರಿನಿಂದ ಬಂದ ಎಂ.ಪಿ.3 ಪ್ರಸಂಗಗಳಲ್ಲಿ ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಹೋಗುವಾಗ ಭಾಗವತರ ಪದ್ಯ ಕ್ಷಣಮಾತ್ರ ತುಂಡಾಗುತ್ತದೆ, ಚಂಡೆಯ ಪೆಟ್ಟೊಂದು ನಡುವೆ ನುಂಗಿಹೋದಂತೆ ಕೇಳುತ್ತದೆ, ಡಿಸ್ಕಿನಲ್ಲಿ ಹಾಗಿಲ್ಲ. ಮತ್ತು ಕನ್ನಡದಲ್ಲಿ ಬರೆದ ಹೆಸರುಗಳು ಪ್ಲೇಯರಿನ ಪರದೆಯ ಮೇಲೆ ಚೌಕಗಳಾಗಿ ಕಾಣುತ್ತವೆ.

ಉತ್ತರ (ಸಾಗರದಿಂದ)

ಆಕ್ಯುರೇಟ್‌ರಿಪ್ ಮಾಡುವುದು ಇಷ್ಟೇ: ಅದೇ ಡಿಸ್ಕನ್ನು ಬೇರೆಯವರು ತಮ್ಮ ಡ್ರೈವಿನಲ್ಲಿ ಓದಿದಾಗ ಬಂದ ಮೊತ್ತದೊಡನೆ (ಓದಿದ ದನಿಯಿಂದ ಲೆಕ್ಕ ಹಾಕಿದ, ತಾಳೆ ನೋಡುವ ಸಂಖ್ಯೆ) ನಿಮ್ಮದನ್ನು ಹೋಲಿಸುತ್ತದೆ. ಸಂಘಟಕರು ಬರೆದುಕೊಟ್ಟ ಗಮಕದ ಡಿಸ್ಕನ್ನು ಬೇರೆ ಯಾರು ಓದಿರುತ್ತಾರೆ? ಅದಕ್ಕೆ ‘ಟೆಸ್ಟ್ ಆ್ಯಂಡ್ ಕಾಪಿ’ ಆಯ್ಕೆಯನ್ನು ಬಳಸಿ. ತಂತ್ರಾಂಶ ಪ್ರತಿ ಹಾಡನ್ನೂ ಎರಡು ಸಲ ಓದಿ ಎರಡರ ಸಿ.ಆರ್.ಸಿ. ಎಂಬ ಇಂಥದೇ ತಾಳೆ ಮೊತ್ತವನ್ನು ತೋರಿಸುತ್ತದೆ. ಎರಡೂ ಒಂದೇ ಆಗಿದ್ದರೆ ಬಹುತೇಕ ನಂಬಬಹುದು. ಬೇರೆಯಾದರೆ ಡಿಸ್ಕನ್ನು ಮತ್ತೊಮ್ಮೆ ಒರೆಸಿ ಇಲ್ಲವೇ ಬೇರೆ ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಓದಲಾರದ ಸಿ.ಡಿ.-ಆರ್ ಅನ್ನು ಇನ್ನೊಂದು ಸಲೀಸಾಗಿ ಓದುವುದುಂಟು. ಓದುವ ವೇಗವನ್ನು ತಗ್ಗಿಸಿದರೂ ಕೆಲವೊಮ್ಮೆ ಪ್ರಯೋಜನವಾಗುತ್ತದೆ. ಯು.ಎಸ್.ಬಿ. ಡ್ರೈವ್ ಕೊಳ್ಳುವುದಾದರೆ ಅದನ್ನು ಯು.ಎಸ್.ಬಿ. ಹಬ್‌ಗೆ (ಒಂದು ಕಿಂಡಿಯನ್ನು ಹಲವಾಗಿಸುವ ಪೆಟ್ಟಿಗೆ) ಸಿಕ್ಕಿಸದೆ ಕಂಪ್ಯೂಟರಿಗೇ ಸಿಕ್ಕಿಸಿ. ಯು.ಎಸ್.ಬಿ. 2.0 ಕಿಂಡಿ ಕೊಡುವುದು 500 ಮಿಲಿಆಂಪಿಯರ್, ಡಿಸ್ಕ್ ತಿರುಗಲು ಆರಂಭಿಸುವಾಗ ಅದು ಕೆಲವು ಡ್ರೈವ್‌ಗಳಿಗೆ ಸಾಲುವುದಿಲ್ಲ, ಆಗ ಡ್ರೈವ್ ಇದ್ದಕ್ಕಿದ್ದಂತೆ ಕಾಣೆಯಾಗುತ್ತದೆ.

ಚಂಡೆಯ ಪೆಟ್ಟು ನುಂಗಿದ್ದು ಎಂ.ಪಿ.3. ಆ ವಿಧಾನ ದನಿಯನ್ನು ನಿಗದಿತ ಅಳತೆಯ ತುಣುಕುಗಳಾಗಿ ಸಂಕುಚಿಸುವುದರಿಂದ ಪ್ರತಿ ಟ್ರ್ಯಾಕಿನ ಆದಿಯಲ್ಲೂ ಅಂತ್ಯದಲ್ಲೂ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ. ಸಿನಿಮಾ ಹಾಡುಗಳಲ್ಲಿ ಇದು ಗಮನಕ್ಕೇ ಬರುವುದಿಲ್ಲ. ಆದರೆ ಪ್ರಸಂಗವೆಂದರೆ ಎಡೆಬಿಡದ ಆಟ, ಟ್ರ್ಯಾಕಿನ ಗಡಿ ಪದ್ಯದ ನಡುವೆಯೇ ಬಿದ್ದಿರುತ್ತದೆ. ಫ್ಲ್ಯಾಕ್ ಎಂಬ, ನಷ್ಟವಿಲ್ಲದೆ ಸಂಕುಚಿಸುವ ಕಡತ ವಿಧಾನದಲ್ಲಿ ಆ ಮೌನ ಸೇರುವುದಿಲ್ಲ, ದನಿಯ ಒಂದಂಶವೂ ಕಳೆಯುವುದಿಲ್ಲ, ಗಾತ್ರವೂ ಸಾಮಾನ್ಯವಾಗಿ ಮೂಲದ ಅರ್ಧ ಅಥವಾ ಅದಕ್ಕಿಂತ ತುಸು ಹೆಚ್ಚಿಗೆ ಇಳಿಯುತ್ತದೆ. ಪ್ಲೇಯರಿನಿಂದ ಎಂ.ಪಿ.3 ಆಗಿ ಬಂದ ಪ್ರಸಂಗಗಳನ್ನು ಫ್ಲ್ಯಾಕ್‌ಗೆ ಪರಿವರ್ತಿಸಿ ಫಲವಿಲ್ಲ. ಡಿಸ್ಕಿನಿಂದಲೇ ಮತ್ತೆ ಇಳಿಸಬೇಕು.

ಹೆಸರುಗಳ ಬಗ್ಗೆ ಹೇಳುವುದಾದರೆ, ಫ್ಲ್ಯಾಕ್‌ನ ಟ್ಯಾಗುಗಳು (ಕಡತದೊಳಗೆ ಬರೆದಿಡುವ ಹೆಸರು, ವಿವರಗಳು) ಯುನಿಕೋಡಿನಲ್ಲೇ ಇರುತ್ತವೆ. ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಕಂಡರೆ ಕಡತ ಸರಿಯಿದೆ, ಚೌಕಗಳು ಪ್ಲೇಯರಿನಲ್ಲಿ ಕನ್ನಡ ಅಕ್ಷರಶೈಲಿ ಇಲ್ಲದ್ದರ ಗುರುತು. ಪ್ಲೇಯರಿಗಾಗಿ ಕಂಗ್ಲಿಷಿನಲ್ಲಿ ಹೆಸರು ಬರೆಯಲು ಹೋಗಬೇಡಿ. ಫೋಲ್ಡರಿನ ಹೆಸರನ್ನು ಮಾತ್ರ ಅಂಕಿಯಿಂದ ಆರಂಭಿಸಿ, ಆಗ ಪರದೆಯ ಮೇಲೂ ಹುಡುಕಲು ಬರುತ್ತದೆ. ವಾಚನಕಾರರು, ವ್ಯಾಖ್ಯಾನಕಾರರು, ಭಾಗವತರು, ಮದ್ದಳೆ, ಚಂಡೆಯವರು, ನಡೆದ ಊರು, ಇಸವಿ ಇವೆಲ್ಲವನ್ನೂ ತಂದೆಯವರನ್ನು ಕೇಳಿ ಟ್ಯಾಗಿನ ‘ಕಾಮೆಂಟ್’ ಜಾಗದಲ್ಲಿ ಈಗಲೇ ತುಂಬಿ; ಬರೆದುಕೊಟ್ಟ ಡಿಸ್ಕ್‌ಗಳ ವಿವರ ಯಾವ ಅಂತರ್ಜಾಲ ಸಂಗ್ರಹದಲ್ಲೂ ಸಿಗುವುದಿಲ್ಲ.

ಉತ್ತರ (ಕೊಪ್ಪದಿಂದ)

ಒರೆಸಿದರೂ ಇಳಿಯದ ಡಿಸ್ಕ್‌ಗಳಿಗೆ ಇನ್ನೊಂದು ಉಪಾಯವಿದೆ. ಪ್ಲೇಯರ್ ಅದನ್ನು ಕೊನೆಯವರೆಗೆ ನುಡಿಸುತ್ತದೆ ಎಂದಿರಿ. ಹಾಗಿದ್ದರೆ ಪ್ಲೇಯರಿನ ಲೈನ್ ಔಟನ್ನು ಡೆಸ್ಕ್‌ಟಾಪಿನ ಹಿಂಬದಿಯ ನೀಲಿ ಲೈನ್ ಇನ್ ಕಿಂಡಿಗೆ ಜೋಡಿಸಿ, ಅಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶದಲ್ಲಿ 44,100 ಹರ್ಟ್ಸ್, ಸ್ಟೀರಿಯೋ ಎಂದು ಇಟ್ಟು, ಡಿಸ್ಕ್ ನುಡಿದಷ್ಟು ಹೊತ್ತೂ ಧ್ವನಿಮುದ್ರಣ ಮಾಡಿಕೊಳ್ಳಿ. ಊಹಿಸಿ ತುಂಬಿದ ಅಂಶಗಳು ಅದರಲ್ಲಿ ಇದ್ದೇ ಇರುತ್ತವೆ, ಟ್ರ್ಯಾಕುಗಳನ್ನು ನೀವೇ ಕತ್ತರಿಸಿಕೊಳ್ಳಬೇಕು. ಮುದ್ರಣದ ಮಟ್ಟವನ್ನು ಚಂಡೆ ಏರಿದಾಗಲೂ ಕೆಂಪಿಗೆ ಹೋಗದಂತೆ ಇಡಿ, ಮತ್ತು ಕರೆಂಟ್ ಹೋಗದ ಹೊತ್ತು ನೋಡಿಕೊಂಡು ಕೂರಿ. ಬೆಳಕು ತೂತಾಗಿ ಹಾದುಬರುವ ಡಿಸ್ಕ್‌ಗಳನ್ನು ಮೊದಲು ಮಾಡಿ, ಈ ಮಳೆಗಾಲಕ್ಕೆ ಮುಂಚೆಯೇ. ಅಂಗಡಿಯವು ಕಾಯಬಹುದು.