ಶೇಂಗಾ ಹಿಂಡಿ ತಿಂದ ಊರಿಗೆ ನಾವು ದುಡ್ಡು ಕಳಿಸಬೇಕಾ?

ಗಾಣದವನು, ಚಳ್ಳಕೆರೆ:
ನಮ್ಮದು ಸಣ್ಣ ಎಣ್ಣೆ ಗಾಣ. ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿಯನ್ನು ಎಮ್ಮೆ ಸಾಕುವವರಿಗೆ ಮಾರುತ್ತೇನೆ. ಸೂಡಾನಿನ ಅಲ್ ಫಾಶಿರ್ ಪಟ್ಟಣಕ್ಕೆ 2024ರ ಮೇನಲ್ಲಿ ಅಲ್ಲಿನ ಸೇನೆಯ ಎದುರಾಳಿ ಪಡೆಯ ಮುತ್ತಿಗೆ ಬಿತ್ತಲ್ಲ, ಅಲ್ಲಿನ ಜನ ಇದೇ ಹಿಂಡಿ ತಿಂದು ಜೀವ ಹಿಡಿದಿದ್ದರು ಎಂದು ಓದಿದೆ. 'ಅಂಬಾಜ್' ಅನ್ನುತ್ತಾರಂತೆ. ಕೊನೆಗೆ ಅದೂ ಸಿಗಲಿಲ್ಲವಂತೆ. ನಿನ್ನೆ ಒಂದು ಚೂರು ಬಾಯಿಗೆ ಹಾಕಿಕೊಂಡೆ. ಮೊದಲು ಘಮ ಚೆನ್ನಾಗಿದೆ, ಆಮೇಲೆ ಬಾಯೆಲ್ಲ ಹಿಟ್ಟು ಹಿಟ್ಟು. ನೀರಿಲ್ಲದೆ ಇಳಿಯಲಿಲ್ಲ. ಬೂಷ್ಟು ಬಂದಿದ್ದರೆ ನಾವು ಎಮ್ಮೆಗೂ ಹಾಕುವುದಿಲ್ಲ. ಏನಾದರೂ ಕಳಿಸಬೇಕು ಅನ್ನಿಸುತ್ತಿದೆ. ಮನೆಯವಳು, "ಪಕ್ಕದ ಬೀದೀಲಿ ಕಷ್ಟ ಇಲ್ವಾ?" ಅಂದಳು. ಉತ್ತರ ತೋಚಲಿಲ್ಲ.

ದಾವಣಗೆರೆ ಹುಡುಗ:
ಅಣ್ಣಾ, ಅತ್ತಿಗೆ ಹೇಳಿದ್ದೇ ಸರಿ. ಸೂಡಾನ್ ನಮ್ಮ ಹಾಗೇ ಶೇಂಗಾ ಜಾಸ್ತಿ ಬೆಳೆಯುವ ದೇಶ. ಬೆಳೆ ಇಲ್ಲದ್ದಕ್ಕಲ್ಲ, ಬಂದೂಕು ಹಿಡಿದವರು ದಾರಿ ಮುಚ್ಚಿದ್ದಕ್ಕೆ ಹಸಿವು. ನನ್ನ ಐನೂರು ರೂಪಾಯಿ ಅಲ್ಲಿ ಏನು ಮಾಡುತ್ತೆ?

ರಿಟೈರ್ಡ್ ಟೀಚರ್, ತಿಪಟೂರು:
ನಾನು ಸ್ಕೂಲಿನಲ್ಲಿ ಅಮೆರಿಕದ ಕೇರ್ ಸಂಸ್ಥೆಯ ಉಪ್ಪಿಟ್ಟು ತಿಂದವಳು. ಅಮೆರಿಕದ ಗೋಧಿ ನುಚ್ಚು, ಅಮೆರಿಕದ ಎಣ್ಣೆ. ಡಬ್ಬದ ಮೇಲೆ ಕೈ ಕುಲುಕುವ ಚಿತ್ರ. ಖಾಲಿ ಡಬ್ಬದಲ್ಲಿ ನಮ್ಮಜ್ಜಿ ರಾಗಿ ತುಂಬಿಡುತ್ತಿದ್ದರು. ಅಮೆರಿಕದವರಲ್ಲಿ ಧಾನ್ಯ ಮಿಕ್ಕಿತ್ತು, ರಾಜಕೀಯವೂ ಇತ್ತು, ಗೊತ್ತು. ತುಂಬಿದ್ದು ಮಾತ್ರ ನಮ್ಮ ಹೊಟ್ಟೆ. ತೆರಿಗೆ ಕಟ್ಟಿದ ಆ ಜನರ ಪಕ್ಕದ ಬೀದಿಯಲ್ಲೂ ಬಡವರು ಇದ್ದರು ಅಲ್ವಾ?

ಹುಣಸೂರಿನವ:
ಅಲ್ ಫಾಶಿರ್ ನಮಗೆ ಹೊಸ ಹೆಸರಲ್ಲ. 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾದಾಗ ನಮ್ಮ ಹಕ್ಕಿಪಿಕ್ಕಿ ಜನ ಅಲ್ಲೇ ಸಿಕ್ಕಿಬಿದ್ದಿದ್ದರು. ಭಾರತೀಯರನ್ನು ವಾಪಸ್ ಕರೆತಂದ ಆಪರೇಷನ್ ಕಾವೇರಿ ಮುಗಿಯಿತು, ನಾವು ಊರಿನ ಹೆಸರೇ ಮರೆತೆವು. ಐನೂರು ಏನು ಮಾಡುತ್ತೆ ಅಂದಿರಿ. ಮುತ್ತಿಗೆಯೊಳಗೂ ಓಣಿಯವರೇ ಸೇರಿ 'ತಕಾಯಾ' ಅಂತ ಅಡುಗೆಮನೆ ನಡೆಸಿದರು. ಹೊರದೇಶದ ಸೂಡಾನಿಗಳು ಮೊಬೈಲಿನಲ್ಲಿ ದುಡ್ಡು ಹಾಕುತ್ತಿದ್ದರು, ಊರೊಳಗೆ ಒಲೆ ಉರಿಯುತ್ತಿತ್ತು. ಅವರ ಅಸೀದಾ ನಮ್ಮ ಮುದ್ದೆಯ ತಮ್ಮನೇ. 2025ರ ಅಕ್ಟೋಬರ್‌ನಲ್ಲಿ ಊರು ಮುತ್ತಿಗೆ ಹಾಕಿದವರ ಕೈಗೆ ಬಿತ್ತು. ತಪ್ಪಿಸಿಕೊಂಡ ಬಹಳ ಜನ ಹತ್ತಿರದ ತವೀಲಾ ಊರು ಸೇರಿದರು, ವಿಶ್ವ ಆಹಾರ ಕಾರ್ಯಕ್ರಮದ ಕಾಳು ಅಲ್ಲಿಗೆ ತಲುಪಿದೆ. ದಾರಿ ಪೂರ್ತಿ ಮುಚ್ಚಿಲ್ಲ.

ಗಾಣದವನು, ಚಳ್ಳಕೆರೆ:
ಟೀಚರ್ ಬರೆದದ್ದನ್ನು ಮನೆಯವಳಿಗೆ ಓದಿ ಹೇಳಿದೆ. ಅವಳೂ ಆ ಉಪ್ಪಿಟ್ಟು ತಿಂದವಳೇ! "ಹುಳ ಆರಿಸಿ ತಿಂತಿದ್ವಿ, ರುಚಿ ಇರ್ತಿತ್ತು" ಅಂದಳು. ತಿಂಗಳಿಗೆ ಒಂದು ಮೂಟೆ ಹಿಂಡಿಯ ದುಡ್ಡು ತೆಗೆದಿಡುವುದು ಅಂತ ಆಯಿತು. ಅರ್ಧ ಅಲ್ಲಿಗೆ, ಅರ್ಧ ಪಕ್ಕದ ಬೀದಿಗೆ. ದಾವಣಗೆರೆ ತಮ್ಮಾ, ನಿನ್ನ ಐನೂರೂ ಸೇರಿಸ್ತೀಯಾ?